ಹೊಗೆ ಎಂದರೆ ಉರಿಯದೆ ಉಳಿದ ಕಟ್ಟಿಗೆ

ಒಲೆಯ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆ ಕೇಳಿದ ಉಳಿದವರು ಇವುಗಳಲ್ಲಿಯೇ ತಮ್ಮ ಉತ್ತರವನ್ನು ಕಂಡುಕೊಳ್ಳಬೇಕೆಂದು ವಿನಂತಿ.

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಗ್ಯಾಸ್ ಇದೆ, ಆದರೆ ಹನ್ನೊಂದು ಜನರ ಮನೆಯಾದ್ದರಿಂದ ರೊಟ್ಟಿಗೂ ಸ್ನಾನದ ನೀರಿಗೂ ಕಟ್ಟಿಗೆಯೇ ಆಗಬೇಕು. ಮಾಳಿಗೆ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ ಮೇಲೆ ಅಡುಗೆಮನೆಯಲ್ಲಿ ಹೊಗೆ ನಿಲ್ಲತೊಡಗಿದೆ. ಹೊಗೆರಹಿತ ಒಲೆ ಎಂದು ಅಂಗಡಿಯವರು ಮೂರು ನಮೂನೆ ತೋರಿಸಿದರು. ಯಾವುದನ್ನು ಕೊಳ್ಳಬೇಕು?

ಉತ್ತರ: ಹೊಗೆಯನ್ನು ಮನೆಯಿಂದ ಹೊರಗೆ ಹಾಕುವುದು ಬೇರೆ, ಹೊಗೆಯೇ ಹುಟ್ಟದಂತೆ ಉರಿಸುವುದು ಬೇರೆ. ನಿಮ್ಮ ಹಳೆಯ ಒಲೆಯೂ ಈಗಿನಷ್ಟೇ ಹೊಗೆ ಕೊಡುತ್ತಿತ್ತು. ಅದರ ನೆತ್ತಿಯ ಮೇಲಿದ್ದ ಬೆಳಕಿಂಡಿ ಆ ಹೊಗೆಯನ್ನು ಎಳೆದುಕೊಳ್ಳುತ್ತಿತ್ತು, ಅಷ್ಟೇ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಬಾಗಲಕೋಟೆಯ ನವನಗರಕ್ಕೆ ಬಂದ ಹಿರಿಯರೊಬ್ಬರು, ಹೊಸ ಮನೆಯಲ್ಲಿ ಎಲ್ಲವೂ ಇದೆ, ಹೊಗೆಗೆ ಮಾತ್ರ ಹಾದಿಯಿಲ್ಲ ಎಂದು ನನ್ನೆದುರು ನಕ್ಕಿದ್ದರು. ನಿಮ್ಮ ಮನೆಯ ಕಥೆಯೂ ಅದೇ. ಆದ್ದರಿಂದ ಯಾವ ಒಲೆ ತಂದರೂ ಅದರ ಮೇಲೊಂದು ಹೊಗೆ ಕೊಳವೆ ಅಥವಾ ಸೂರಿನ ಕೆಳಗೆ ಎದುರುಬದುರಾಗಿ ಎರಡು ಕಿಂಡಿ ಇರಲೇಬೇಕು.

ಇನ್ನು ಹೊಗೆ ಹುಟ್ಟುವ ಬಗೆ. ಕಟ್ಟಿಗೆ ನೇರವಾಗಿ ಉರಿಯುವುದಿಲ್ಲ. ಬಿಸಿ ತಾಗಿದಾಗ ಅದು ಅನಿಲವನ್ನು ಬಿಡುತ್ತದೆ, ಆ ಅನಿಲ ಹೊತ್ತಿಕೊಂಡದ್ದನ್ನೇ ನಾವು ಉರಿ ಎನ್ನುತ್ತೇವೆ. ಅನಿಲಕ್ಕೆ ಸಾಕಷ್ಟು ಗಾಳಿ ಬೆರೆತು, ಸಾಕಷ್ಟು ಕಾವಿನಲ್ಲಿ, ಪೂರ್ತಿ ಉರಿಯುವಷ್ಟು ಹೊತ್ತು ಸಿಕ್ಕರೆ ಉಳಿಯುವುದು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಮಾತ್ರ. ಈ ಮೂರರಲ್ಲಿ ಒಂದು ಕಡಿಮೆಯಾದರೂ, ಉದಾಹರಣೆಗೆ ಎಳೆಯ ಉರಿ ತಣ್ಣನೆಯ ಪಾತ್ರೆಯ ತಳಕ್ಕೆ ಬಡಿದು ಆರಿದರೂ, ಅದು ಮಸಿಯಾಗಿ, ಕಣ್ಣು ಉರಿಸುವ ಹೊಗೆಯಾಗಿ ಹೊರಡುತ್ತದೆ. ಹೊಗೆಯೆಂದರೆ ನೀವು ಹೊಲದಿಂದ ಹೊತ್ತು ತಂದು, ಒಡೆದು, ಒಣಗಿಸಿ, ಕೊನೆಗೆ ಉರಿಸದೆ ಬಿಟ್ಟ ಕಟ್ಟಿಗೆಯೇ.

ಅಂಗಡಿಯವರು ತೋರಿಸಿದ ಮೂರು ನಮೂನೆಗಳು ಬಹುಶಃ ಇವು. ಮೊದಲನೆಯದು ರಾಕೆಟ್ ಒಲೆ: ಮೊಣಕೈಯಂತೆ ಬಾಗಿದ, ಸುತ್ತಲೂ ಶಾಖ ಹಿಡಿದಿಡುವ ಹೊದಿಕೆಯುಳ್ಳ ಕೊಳವೆ; ಅಡ್ಡ ಬಾಯಿಯಲ್ಲಿ ಕಟ್ಟಿಗೆ ಇಟ್ಟರೆ ಉರಿ ಎದ್ದುನಿಂತು ಪಾತ್ರೆಗೆ ತಲುಪುವುದರೊಳಗೆ ಅನಿಲ ಬಹುಮಟ್ಟಿಗೆ ಸುಟ್ಟುಹೋಗಿರುತ್ತದೆ. ಎರಡನೆಯದು ಚಿಕ್ಕ ಫ್ಯಾನ್ ಇರುವ ಒಲೆ. ಬ್ಯಾಟರಿಯ ಬಲದಿಂದ ಗಾಳಿ ಊದುವುದರಿಂದ ಮೂರರಲ್ಲಿ ಅತ್ಯಂತ ಸ್ವಚ್ಛವಾಗಿ ಉರಿಯುವುದು ಇದೇ. ಮೂರನೆಯದು ಡಬ್ಬಿಯಂತಹ ಗ್ಯಾಸಿಫೈಯರ್ ಒಲೆ. ಇದರಲ್ಲಿ ಇಂಧನವನ್ನು ಒಮ್ಮೆಗೇ ತುಂಬಿ ಮೇಲಿನಿಂದ ಹೊತ್ತಿಸಬೇಕು, ನಡುವೆ ಕಟ್ಟಿಗೆ ಸೇರಿಸುವಂತಿಲ್ಲ. ಹನ್ನೊಂದು ಜನರ ರೊಟ್ಟಿ ಮುಗಿಯುವ ಮೊದಲೇ ಡಬ್ಬಿ ಖಾಲಿಯಾದರೆ ಹೆಂಚಿನ ಮುಂದೆ ಕುಳಿತವರು ಏನು ಮಾಡಬೇಕು? ಹೀಗಾಗಿ ನಿಮಗೆ ಮೂರನೆಯದು ಬೇಡ.

ಫ್ಯಾನಿನ ಒಲೆಯ ಬಗ್ಗೆ ನನ್ನದೇ ಒಂದು ನೋವಿದೆ. ಕೆಲವು ವರ್ಷಗಳ ಹಿಂದೆ ಕೊಂಡ ಒಂದು ಒಲೆ ಎಂಟು ತಿಂಗಳು ಸೊಗಸಾಗಿ ಉರಿಯಿತು. ಬ್ಯಾಟರಿ ಹೋದ ಮೇಲೆ ಮಾರಿದವರು ಒಂದು ವರ್ಷ ಇಂದು ನಾಳೆ ಎಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಈಗ ಅದರೊಳಗೆ ನಮ್ಮ ಮನೆಯವರು ಬೂದಿ ತುಂಬಿಡುತ್ತಾರೆ. ಬ್ಯಾಟರಿ ಮತ್ತು ಫ್ಯಾನ್ ನಿಮ್ಮ ಊರಿನ ರೇಡಿಯೋ ರಿಪೇರಿಯವನ ಕೈಗೆ ಸಿಗುವಂಥದ್ದಾದರೆ ಮಾತ್ರ ಅದನ್ನು ಕೊಳ್ಳಿ.

ಯಾವುದೇ ಸಿದ್ಧ ಒಲೆ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಐಎಸ್ 13152 ಎಂಬ ಸಂಖ್ಯೆಯನ್ನು ಕೇಳಿ. ಎತ್ತಿಡಬಹುದಾದ ಕಟ್ಟಿಗೆ ಒಲೆಗಳಿಗೆ 2013ರಲ್ಲಿ ಪರಿಷ್ಕರಿಸಿದ ಮಾನದಂಡವಿದು. ಫ್ಯಾನ್ ಇಲ್ಲದ ಒಲೆ ಕಟ್ಟಿಗೆಯ ಶಾಖದಲ್ಲಿ ಕನಿಷ್ಠ ಶೇಕಡಾ 25 ಭಾಗವನ್ನು ಪಾತ್ರೆಗೆ ಮುಟ್ಟಿಸಬೇಕು, ಹಾಗೆ ಮುಟ್ಟಿದ ಪ್ರತಿ ಮೆಗಾಜೌಲ್ ಶಾಖಕ್ಕೆ 350 ಮಿಲಿಗ್ರಾಂಗಿಂತ ಹೆಚ್ಚು ಹೊಗೆಕಣ ಬಿಡಬಾರದು. ಫ್ಯಾನ್ ಇರುವ ಒಲೆಗೆ ಈ ಮಿತಿಗಳು ಶೇಕಡಾ 35 ಮತ್ತು 150 ಮಿಲಿಗ್ರಾಂ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಎರಡರಲ್ಲಿಯೂ ಅದೇ ಲೆಕ್ಕದಲ್ಲಿ 5 ಗ್ರಾಂ ಮೀರಬಾರದು. ನಿಯಮವೇ ಇಷ್ಟು ಹೊಗೆಗೆ ಅವಕಾಶ ಕೊಟ್ಟಿರುವಾಗ ‘ಹೊಗೆರಹಿತ’ ಎಂಬ ಮಾತು ಅಂಗಡಿಯವರದು ಎಂದು ತಿಳಿಯಿರಿ.

ಅಂಗಡಿಯವರ ಮಾತನ್ನು ಮನೆಯಲ್ಲಿಯೇ ಒರೆಗೆ ಹಚ್ಚಬಹುದು. ಐದು ಲೀಟರ್ ನೀರನ್ನು ಕುದಿಗೆ ತರಲು ಸುಮಾರು 1.6 ಮೆಗಾಜೌಲ್ ಶಾಖ ಬೇಕು. ಒಣ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 15 ಮೆಗಾಜೌಲ್ ಇರುತ್ತದೆ. ಹತ್ತರಲ್ಲಿ ಒಂದು ಪಾಲನ್ನಷ್ಟೇ ಪಾತ್ರೆಗೆ ಮುಟ್ಟಿಸುವ ಮೂರು ಕಲ್ಲಿನ ಒಲೆಗೆ ಆ ಕೆಲಸಕ್ಕೆ ಒಂದು ಕಿಲೋ ಕಟ್ಟಿಗೆ ಹೋಗುತ್ತದೆ. ಶೇಕಡಾ 25 ಮುಟ್ಟಿಸುವ ಒಲೆಗೆ 400 ಗ್ರಾಂಗಿಂತ ಸ್ವಲ್ಪ ಹೆಚ್ಚು ಸಾಕು. ತಕ್ಕಡಿಯಲ್ಲಿ ತೂಗಿ ಒಲೆಗೆ ಇಡಿ, ಕುದಿ ಬಂದ ಮೇಲೆ ಉಳಿದದ್ದನ್ನು ತೂಗಿ ಕಳೆಯಿರಿ.

ಇಷ್ಟು ಹೇಳಿದ ಮೇಲೂ, ನಿಮ್ಮ ಮನೆಗೆ ನಾನು ಸೂಚಿಸುವುದು ಕೊಂಡು ತರುವ ಒಲೆಯನ್ನಲ್ಲ, ಕಟ್ಟಿಸುವ ಒಲೆಯನ್ನು. ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮ ಊರಿನ ಹಿರಿಯರು ನೋಡಿರಬಹುದು: ಸಾಲಾಗಿ ಮೂರು ಪಾತ್ರೆ, ಕಟ್ಟಿಗೆಯ ಕೆಳಗೆ ಜಾಲರಿ, ಬಾಯಿಗೆ ಮುಚ್ಚಳ, ಹಿಂದೆ ಹೊಗೆ ಕೊಳವೆ. ಮೊದಲ ಪಾತ್ರೆಗೆ ಬಡಿದ ಉರಿಯ ಉಳಿದ ಕಾವು ಎರಡನೆಯದಕ್ಕೂ ಮೂರನೆಯದಕ್ಕೂ ಹರಿಯುವುದರಿಂದ ದೊಡ್ಡ ಕುಟುಂಬಕ್ಕೆ ಇದು ಬಹಳ ಒಗ್ಗುತ್ತದೆ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತಿತು. ಆ ಕಾಲದಲ್ಲಿ ಕಟ್ಟಿಕೊಟ್ಟ ಎಷ್ಟೋ ಒಲೆಗಳು ಕೊಳವೆ ಕಟ್ಟಿಕೊಂಡು, ಜಾಲರಿ ಸವೆದು, ರಿಪೇರಿ ಕಾಣದೆ ಹಾಳಾದವು. ಒಲೆಯ ವಿನ್ಯಾಸದ ತಪ್ಪು ಅದರಲ್ಲಿ ಕಡಿಮೆ. ಕೊಳವೆಗೆ ಕೆಳಗೊಂದು ಬಿಚ್ಚುವ ಬಾಯಿ ಇರಿಸಿ, ಅಮಾವಾಸ್ಯೆಗೊಮ್ಮೆ ಉದ್ದ ಕೋಲಿಗೆ ಗೋಣಿ ಸುತ್ತಿ ಮಸಿ ತೆಗೆಯಿರಿ. ಕೊಳವೆಯ ತುದಿ ಸ್ಲ್ಯಾಬಿನ ಕಟಾಂಜನದಿಂದ ಎರಡು ಅಡಿ ಮೇಲಿರಲಿ, ಇಲ್ಲದಿದ್ದರೆ ಆಷಾಢದ ಗಾಳಿಗೆ ಹೊಗೆ ಮರಳಿ ಒಳಗೆ ಬರುತ್ತದೆ.

ಪ್ರಶ್ನೆ: ನಾವು ಸಿಂದಗಿ ಕಡೆಯ ಒಕ್ಕಲಿಗರು. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು, ಜಾಲಿ ಎಲ್ಲವೂ ಉರಿಯುತ್ತದೆ. ಯಾವ ಇಂಧನಕ್ಕೂ ನಡೆಯುವ ಒಂದೇ ಒಲೆ ಇದೆಯೇ?

ಉತ್ತರ: ಉರಿಯುತ್ತದೆ ಎನ್ನುವ ಅರ್ಥದಲ್ಲಿ ಇದೆ, ಸ್ವಚ್ಛವಾಗಿ ಉರಿಯುತ್ತದೆ ಎನ್ನುವ ಅರ್ಥದಲ್ಲಿ ಇಲ್ಲ. ತೊಗರಿಕಟ್ಟಿಗೆಯೂ ಹತ್ತಿಕಟ್ಟಿಗೆಯೂ ಸಪೂರವಾಗಿದ್ದು ಭರ್ರನೆ ಹೊತ್ತುತ್ತವೆ, ಅನಿಲವನ್ನು ಒಮ್ಮೆಗೇ ಬಿಡುತ್ತವೆ. ಅವಕ್ಕೆ ಮೇಲಿನಿಂದ ಗಾಳಿ ಬೇಕು. ಕುಳ್ಳು ನಿಧಾನವಾಗಿ ಕಾಯುತ್ತದೆ, ತುಂಬಾ ಬೂದಿ ಬಿಡುತ್ತದೆ. ಅದಕ್ಕೆ ಅಗಲ ಕಂಡಿಯ ಜಾಲರಿಯೂ ಕೆಳಗಿನಿಂದ ಗಾಳಿಯೂ ಬೇಕು. ರಾಕೆಟ್ ಒಲೆಗೆ ಕುಳ್ಳು ತುರುಕಿದರೆ ಎರಡು ದಿನಗಳಲ್ಲಿ ಅದರ ಗಂಟಲು ಕಟ್ಟುತ್ತದೆ. ನನ್ನ ಸಲಹೆ ಇಷ್ಟು: ಅಡುಗೆಮನೆಯ ಒಲೆಯನ್ನು ಜಾಲಿಗೂ ತೊಗರಿಕಟ್ಟಿಗೆಗೂ ಮೀಸಲಿಡಿ, ಕುಳ್ಳನ್ನು ಬಚ್ಚಲ ಹಂಡೆಯ ಹೊರಬಾಯಿಗೆ ಹಾಕಿ.

ಒಲೆಗಿಂತ ದೊಡ್ಡ ಮಾತು ಹಸಿ ಮತ್ತು ಒಣದ್ದು. ಆಗತಾನೇ ಕಡಿದ ಜಾಲಿಯ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರಬಹುದು, ಚೆನ್ನಾಗಿ ಒಣಗಿದ್ದರಲ್ಲಿ ಶೇಕಡಾ 15ರಿಂದ 20. ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2.3 ಮೆಗಾಜೌಲ್ ಶಾಖ ವ್ಯರ್ಥವಾಗುವುದು ಒಂದು ನಷ್ಟ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಆವಿ ಉರಿಯನ್ನು ತಣ್ಣಗಾಗಿಸಿ ಅನಿಲವನ್ನು ಅರೆಬೆಂದ ಸ್ಥಿತಿಯಲ್ಲಿ ಬಿಟ್ಟುಬಿಡುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದು ಕೋಲಾಟದ ಕೋಲಿನಂತೆ ಟಣ್ ಎನ್ನುತ್ತದೆ, ಹಸಿಯದು ಮೆತ್ತಗೆ ದಬ್ ಎನ್ನುತ್ತದೆ. ಒಣಗಿದ ತುಂಡಿನ ತುದಿಯಲ್ಲಿ ನಡುವಿನಿಂದ ಅಂಚಿಗೆ ಸೀಳುಗಳು ಬಿಟ್ಟಿರುತ್ತವೆ, ತೊಗಟೆ ಉಗುರಿಗೇ ಏಳುತ್ತದೆ. ನಮ್ಮ ಬೇಸಗೆ ಕಟ್ಟಿಗೆ ಒಣಗಿಸುವುದಕ್ಕೆಂದೇ ಇರುವಂತಿದೆ: ಶಿವರಾತ್ರಿಯ ಹೊತ್ತಿಗೆ ಕಡಿದು, ಕೈಮಣಿಕಟ್ಟಿನ ಗಾತ್ರಕ್ಕೆ ಸೀಳಿ, ನೆಲಕ್ಕೆ ತಾಗದಂತೆ ಒಟ್ಟಿದರೆ ಮಿರಗದ ಮಳೆಗೆ ಮೊದಲು ಒಳಗೆ ಸೇರಿಸಬಹುದು.

ಹತ್ತಿಕಟ್ಟಿಗೆಯ ಬಗ್ಗೆ ಒಲೆಗೆ ಸಂಬಂಧಿಸದ ಒಂದು ಮಾತನ್ನೂ ಸೇರಿಸುತ್ತೇನೆ. ಹೊಲದ ಬದುವಿನಲ್ಲಿ ಒಟ್ಟಿದ ಕಟ್ಟಿಗೆಯಲ್ಲಿ, ಅದರಲ್ಲಿ ಉಳಿದ ಕಾಯಿಗಳಲ್ಲಿ, ಗುಲಾಬಿ ಕಾಯಿಕೊರಕ ಎಂಬ ಹುಳು ಮುಂದಿನ ಬೆಳೆಯವರೆಗೆ ಬದುಕಿರುತ್ತದೆ. ಅದನ್ನು ಮೊದಲು ಉರಿಸಿ ಮುಗಿಸಿ, ಜಾಲಿಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಹೊತ್ತಿಸಲು ಟಯರಿನ ತುಂಡು, ಪ್ಲಾಸ್ಟಿಕ್ ಚೀಲ ಬಳಸುವ ರೂಢಿ ನಿಮ್ಮಲ್ಲಿ ಇದ್ದರೆ ಇಂದೇ ಬಿಡಿ. ಎಂಥ ಒಳ್ಳೆಯ ಒಲೆಯೂ ಆ ವಿಷವನ್ನು ಸುಡಲಾರದು.

ಪ್ರಶ್ನೆ: ಗೋಕಾಕದಿಂದ ಬರೆಯುತ್ತಿದ್ದೇನೆ. ರಾಕೆಟ್ ಒಲೆ ತಂದೆವು. ಹೊಗೆ ನಿಜಕ್ಕೂ ಕಡಿಮೆಯಾಗಿದೆ, ಆದರೆ ಜೋಳದ ರೊಟ್ಟಿ ನಡುವೆ ಕರಕಾಗಿ ಅಂಚಿನಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಅತ್ತೆಯವರು ಹಳೆಯ ಒಲೆಗೆ ಮರಳಿದ್ದಾರೆ.

ಉತ್ತರ: ತಪ್ಪು ಅತ್ತೆಯವರದಲ್ಲ. ಇಂತಹ ಒಲೆಗಳನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಪಾತ್ರೆ, ನಮ್ಮ ಅಗಲವಾದ ಹೆಂಚಲ್ಲ. ಒಮ್ಮೆ ಒಂದು ಮನೆಯಲ್ಲಿ ಕುಳಿತು ನೋಡಿದ್ದೇನೆ: ತಟ್ಟಿದ ರೊಟ್ಟಿಯನ್ನು ಹೆಂಚಿಗೆ ಹಾಕಿ ಮೇಲೆ ನೀರು ಸವರಿದಾಗ ನಡುವಿನ ನೀರು ಚೊಂಯ್ ಎಂದು ಕ್ಷಣದಲ್ಲಿ ಹಾರಿಹೋಯಿತು, ಅಂಚಿನ ನೀರು ಹೊಳೆಯುತ್ತಲೇ ಇತ್ತು. ಉರಿ ಎರಡು ಅಂಗೈಯಷ್ಟು ಜಾಗಕ್ಕೆ ಮಾತ್ರ ಬಡಿಯುತ್ತಿತ್ತು. ಇದಕ್ಕೆ ಎರಡು ಉಪಾಯ. ದಪ್ಪ ಕಬ್ಬಿಣದ ಹೆಂಚನ್ನು ಬಳಸಿ, ಅದನ್ನು ಒಲೆಯ ಬಾಯಿಯಿಂದ ಒಂದು ಬೆರಳಿನಷ್ಟು ಎತ್ತರದಲ್ಲಿ ನಿಲ್ಲಿಸಿ, ಉರಿ ಅಂಚಿಗೆ ಹರಡಲಿ. ಕಮ್ಮಾರನಿಂದ ಅಂಗೈಯಗಲದ ತಗಡಿನ ಬಿಲ್ಲೆ ಮಾಡಿಸಿ ಉರಿಯ ನೆತ್ತಿಗೆ ಬರುವಂತೆ ಇಟ್ಟರೆ ಇನ್ನೂ ಒಳ್ಳೆಯದು. ಕಟ್ಟಿಗೆಯನ್ನು ಬಾಯಿಯ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕಟ್ಟಿಗೆ ಇಡುವ ಹಲಗೆಯ ಕೆಳಗಿನ ಕಂಡಿಯನ್ನು ಮುಚ್ಚಲೇಬಾರದು. ಗಾಳಿಯ ದಾರಿ ಅದು.

ಆದರೂ ಒಂದು ಕೊರತೆ ಉಳಿಯುತ್ತದೆ. ಹೆಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದೆದುರು ಆನಿಸಿ ಉಬ್ಬಿಸುವ ಜಾಗ ಈ ಒಲೆಯಲ್ಲಿ ಇಲ್ಲ. ಅತ್ತೆಯವರು ಹಳೆಯ ಒಲೆಗೆ ಮರಳಿದ್ದು ಅದಕ್ಕೇ ಇರಬೇಕು ಎಂದು ನನ್ನ ಅನುಮಾನ, ಕೇಳಿ ನೋಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗ ಅಲ್ಲಿನ ಮಲ್ಟಿ-ಫ್ಯುಯೆಲ್ ಒಲೆಯ ಪುಸ್ತಿಕೆ ಕಳಿಸಿದ್ದಾನೆ. ಗಾಜಿನ ಬಾಗಿಲು, ಇಕೋಡಿಸೈನ್ ಎಂಬ ಗುರುತು ಇದೆ. ಬೆಳಗಾವಿಯ ನಮ್ಮ ಮನೆಗೆ ತರಿಸಬಹುದೇ?

ಉತ್ತರ: ಬೇಡ. ಅದು ಕೋಣೆಯನ್ನು ಬೆಚ್ಚಗಿಡುವ ಒಲೆ, ಅಡುಗೆಯದಲ್ಲ. ಬೆಳಗಾವಿಯ ಜನವರಿಗೆ ಒಂದು ಕಂಬಳಿ ಸಾಕು. ಆದರೆ ಆ ಪುಸ್ತಿಕೆಯಿಂದ ಕಲಿಯುವುದಿದೆ. ಮಲ್ಟಿ-ಫ್ಯುಯೆಲ್ ಎಂದರೆ ಅಲ್ಲಿ ಕಟ್ಟಿಗೆ ಮತ್ತು ಹೊಗೆ ಕಡಿಮೆ ಇರುವ ಕಲ್ಲಿದ್ದಲಿನ ಉಂಡೆ ಎರಡಕ್ಕೂ ಆಗುವುದು ಎಂದರ್ಥ. ಕಟ್ಟಿಗೆ ತನ್ನದೇ ಬೂದಿಯ ಹಾಸಿನ ಮೇಲೆ, ಮೇಲಿನ ಗಾಳಿಯಿಂದ ಚೆನ್ನಾಗಿ ಉರಿಯುತ್ತದೆ. ಕಲ್ಲಿದ್ದಲಿಗೆ ಜಾಲರಿಯ ಕೆಳಗಿನ ಗಾಳಿ ಬೇಕು. ಆದ್ದರಿಂದ ಅದರಲ್ಲಿ ಎರಡು ಗಾಳಿಬಾಯಿಗಳಿವೆ, ಮತ್ತು ಎರಡನ್ನೂ ಒಟ್ಟಿಗೆ ಉರಿಸಬೇಡಿ ಎಂಬುದೇ ಅಲ್ಲಿನವರ ರೂಢಿಯ ಸಲಹೆ. ಇಕೋಡಿಸೈನ್ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದ್ದು, ಬಾಗಿಲಿರುವ ಒಲೆಯ ಹೊಗೆಯ ಪ್ರತಿ ಘನ ಮೀಟರಿಗೆ 40 ಮಿಲಿಗ್ರಾಂ ಕಣಗಳ ಮಿತಿ ಹಾಕಿದೆ. ನಮ್ಮ 350 ಮಿಲಿಗ್ರಾಂ ಜೊತೆ ಇದನ್ನು ಹೋಲಿಸಬೇಡಿ. ಅಳತೆಯ ಬಗೆಯೇ ಬೇರೆ. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿನಿಂದ, ಚಿಕ್ಕ ಪ್ರಮಾಣದಲ್ಲಿ ಮಾರುವ ಕಟ್ಟಿಗೆಯ ತೇವ ಶೇಕಡಾ 20 ಮೀರಬಾರದೆಂಬ ಕಾನೂನೂ ಇದೆ. ಅಷ್ಟು ದುಬಾರಿ ಒಲೆ ಇಟ್ಟುಕೊಂಡ ನಾಡಿನಲ್ಲಿಯೂ ಕೊನೆಗೆ ಕಟ್ಟಿಗೆಯ ತೇವಕ್ಕೇ ಕಡಿವಾಣ ಹಾಕಬೇಕಾಯಿತು.

ಪ್ರಶ್ನೆ: ವಿಜಯಪುರದಲ್ಲಿ ಚಳಿಗಾಲದ ರಾತ್ರಿ ಅಜ್ಜಿಯ ಕೋಣೆಯಲ್ಲಿ ಇದ್ದಿಲಿನ ಶೆಗಡಿ ಇಡುತ್ತೇವೆ. ಹೊಗೆಯೇ ಬರುವುದಿಲ್ಲವಾದ್ದರಿಂದ ಬಾಗಿಲು ಹಾಕಬಹುದಲ್ಲವೇ?

ಉತ್ತರ: ಹಾಕಲೇಬಾರದು. ಇದ್ದಿಲಿನಲ್ಲಿ ಹೊಗೆಯಾಗುವ ಅನಿಲ ಮೊದಲೇ ಹೋಗಿರುತ್ತದೆ, ಅದಕ್ಕೇ ಕಣ್ಣು ಉರಿಯುವುದಿಲ್ಲ. ಆದರೆ ಕೆಂಡ ಕಾರ್ಬನ್ ಮೊನಾಕ್ಸೈಡನ್ನು ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದೇ ಹಿಡಿದುಬಿಡುತ್ತದೆ. ತಲೆನೋವು, ವಾಕರಿಕೆ, ಜೋಂಪು ಬರುವುದು ಮೊದಲ ಲಕ್ಷಣ. ಮಲಗಿದವರಿಗೆ ಅದು ಗೊತ್ತಾಗುವುದೇ ಇಲ್ಲ. ಸಂಜೆ ಬಾಗಿಲು ತೆರೆದಿಟ್ಟು ಕೋಣೆ ಕಾಯಿಸಿ, ಅಜ್ಜಿ ಮಲಗುವ ಮೊದಲು ಶೆಗಡಿಯನ್ನು ಅಂಗಳಕ್ಕೆ ಒಯ್ಯಿರಿ. ರಾತ್ರಿಗೆ ಬಿಸಿನೀರಿನ ರಬ್ಬರ್ ಚೀಲವನ್ನು ಕೌದಿಯೊಳಗೆ ಕಾಲಬುಡದಲ್ಲಿಡಿ. ಈಗಾಗಲೇ ಬೆಳಿಗ್ಗೆ ಅವರಿಗೆ ತಲೆ ಭಾರ ಎನಿಸುತ್ತಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕದೆ ವೈದ್ಯರಿಗೆ ತೋರಿಸಿ, ಶೆಗಡಿಯ ವಿಷಯವನ್ನು ಅವರಿಗೆ ಮರೆಯದೆ ಹೇಳಿ.