ಡೋಲಿನ ದನಿಯಲ್ಲಿ ಸಿಗದ ಆಕಾರ ಎಲ್ಲಿ ಸಿಕ್ಕಿತು?

ಪ್ರಶ್ನೆ: ಸರ್, ಡೋಲಿನ ದನಿಯಷ್ಟನ್ನೇ ಕೇಳಿ ಅದರ ಆಕಾರ ಹೇಳಲಾಗದು ಎಂದು 1992ರಲ್ಲೇ ಸಾಬೀತಾಗಿದೆ. ಆದರೆ ನಾನ್‌ಕಮ್ಯುಟೇಟಿವ್ ರೇಖಾಗಣಿತದಲ್ಲಿ (ಗುಣಾಕಾರದ ಕ್ರಮ ಬದಲಿಸಿದರೆ ಉತ್ತರವೂ ಬದಲಾಗಬಹುದಾದ ರೇಖಾಗಣಿತ) ಆಪರೇಟರ್‌ನಿಂದ, ಅಂದರೆ ಒಂದು ಫಂಕ್ಷನ್‌ ಅನ್ನು ಇನ್ನೊಂದಾಗಿ ಬದಲಿಸುವ ಕ್ರಿಯೆಯಿಂದ, ಇಡೀ ಆಕಾರವನ್ನೇ ಮರಳಿ ಪಡೆಯಬಹುದು ಎನ್ನುತ್ತಾರೆ. ಎರಡೂ ಹೇಗೆ ನಿಜ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈ ಪ್ರಶ್ನೆ ನನ್ನನ್ನೂ ಬಹಳ ವರ್ಷ ಕಾಡಿದೆಯಮ್ಮ. ನಮ್ಮ ತಂದೆ ಮೃದಂಗ ನುಡಿಸುತ್ತಿದ್ದರು. ಬಲಮುಖದ ಕಪ್ಪು ಕರಣೆ ಅಂಚಿನಲ್ಲಿ ಚೂರು ಉದುರಿದ್ದರೂ ಕಣ್ಣು ಮುಚ್ಚಿಕೊಂಡೇ ಕಂಡುಹಿಡಿಯುತ್ತಿದ್ದರು. ಹಾಗಾಗಿ, ಡೋಲಿನ ಆಕಾರ ಕಿವಿಗೆ ಸಿಕ್ಕೀತೇ ಎಂದು ಗಣಿತಜ್ಞ ಮಾರ್ಕ್ ಕಾಟ್ಸ್ 1966ರಲ್ಲಿ ಕೇಳಿದ್ದನ್ನು ಓದಿದಾಗ, ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದೆ. ನೀವು ಹೇಳಿದ 1992ರಲ್ಲಿ ಗಾರ್ಡನ್, ವೆಬ್, ವೋಲ್ಪರ್ಟ್ ಎಂಬ ಮೂವರು ಗಣಿತಜ್ಞರು ಆ ನಂಬಿಕೆಯನ್ನು ಮುರಿದರು. ಒಂದೇ ಅಳತೆಯ ಏಳು ತ್ರಿಕೋನಗಳನ್ನು ಎರಡು ಬಗೆಯಲ್ಲಿ ಜೋಡಿಸಿದರೆ ಬೇರೆ ಬೇರೆ ಆಕಾರದ ಎರಡು ಡೋಲುಗಳಾಗುತ್ತವೆ, ಎರಡರ ಸ್ವರಗಳೂ ಒಂದೇ. ರಟ್ಟಿನಲ್ಲಿ ಕತ್ತರಿಸಿ ಪಕ್ಕಪಕ್ಕ ಇಟ್ಟುಕೊಂಡು ಎಷ್ಟೋ ಹೊತ್ತು ನೋಡುತ್ತ ಕೂತಿದ್ದೆ.

ಸ್ವರಗಳೆಂದರೆ ಡೋಲಿನ ಕಂಪನವನ್ನು ಬಣ್ಣಿಸುವ ಆಪರೇಟರ್‌ನ ಐಗನ್ ಮೌಲ್ಯಗಳು, ಅಂದರೆ ಅದಕ್ಕೇ ಸೇರಿದ ವಿಶಿಷ್ಟ ಸಂಖ್ಯೆಗಳು. ಅವುಗಳಿಂದ ಡೋಲಿನ ವಿಸ್ತೀರ್ಣ ತಿಳಿಯುತ್ತದೆ. ಅದನ್ನು ಹರ್ಮನ್ ವೈಲ್ 1911ರಲ್ಲೇ ತೋರಿಸಿದ್ದರು. ಪೂರ್ತಿ ಆಕಾರ ಮಾತ್ರ ತಿಳಿಯುವುದಿಲ್ಲ. ಆದರೆ ನಾನ್‌ಕಮ್ಯುಟೇಟಿವ್ ರೇಖಾಗಣಿತವನ್ನು ಕಟ್ಟಿದ ಫ್ರಾನ್ಸಿನ ಗಣಿತಜ್ಞ ಅಲೆನ್ ಕಾನ್ ಕೇಳುವುದು ಐಗನ್ ಮೌಲ್ಯಗಳನ್ನಷ್ಟೇ ಅಲ್ಲ. ಅವರ ಕೈಯಲ್ಲಿ ಮೂರು ವಸ್ತುಗಳಿವೆ: ಫಂಕ್ಷನ್‌ಗಳ ಒಂದು ಬೀಜಗಣಿತ (ಕೂಡಿಸಿ ಗುಣಿಸಬಹುದಾದ ಸಮೂಹ), ಅವು ಕೆಲಸ ಮಾಡುವ ಹಿಲ್ಬರ್ಟ್ ಸ್ಪೇಸ್ (ಅನಂತ ಆಯಾಮವೂ ಇರಬಲ್ಲ ವೆಕ್ಟರ್‌ಗಳ ಲೋಕ), ಮತ್ತು ಡಿರಾಕ್ ಆಪರೇಟರ್ ‘ಡಿ’. ಆಕಾರ ಅಡಗಿರುವುದು ಡಿ ಮತ್ತು ಫಂಕ್ಷನ್ ‘ಎಫ್’ ನಡುವಿನ ಜಟಾಪಟಿಯಲ್ಲಿ, ಅಂದರೆ ‘ಡಿ ಎಫ್’ನಿಂದ ‘ಎಫ್ ಡಿ’ ಕಳೆದರೆ ಉಳಿಯುವ ಕಮ್ಯುಟೇಟರ್‌ನಲ್ಲಿ.

ಸರಳರೇಖೆಯ ಮೇಲೆ ಡಿ ಎಂದರೆ ಡಿಫರೆನ್ಶಿಯೇಟ್ ಮಾಡುವುದು, ಜೊತೆಗೊಂದು ಕಾಲ್ಪನಿಕ ಸಂಖ್ಯೆಯ ಗುಣಕ. ಪಿಯುಸಿಯ ಗುಣಲಬ್ಧ ಸೂತ್ರ ಹಾಕಿದರೆ ಕಮ್ಯುಟೇಟರ್‌ನಲ್ಲಿ ಉಳಿಯುವುದು ಎಫ್‌ನ ಇಳಿಜಾರು ಮಾತ್ರ. ಕಮ್ಯುಟೇಟರ್‌ನ ನಾರ್ಮ್ (ಅದರ ಗಾತ್ರದ ಅಳತೆ) ಒಂದನ್ನು ಮೀರಬಾರದು ಎಂದರೆ ಒಂದು ಮೀಟರ್ ನಡೆದಾಗ ಎಫ್ ಒಂದು ಮೀಟರ್‌ಗಿಂತ ಹೆಚ್ಚು ಏರಬಾರದು ಎಂದಾಯಿತು. ಈ ಕಟ್ಟಳೆಯೊಳಗೆ ಎರಡು ಬಿಂದುಗಳ ನಡುವೆ ಎಫ್ ಗರಿಷ್ಠ ಎಷ್ಟು ಏರಬಲ್ಲದೋ ಅದೇ ಅವುಗಳ ದೂರ. ಟೇಪು ಹಿಡಿಯದೆ, ದಾರಿ ನಡೆಯದೆ ದೂರ ಸಿಕ್ಕಿತು!

ಈಗ ನಿಮ್ಮ ಗೊಂದಲಕ್ಕೆ ಬರೋಣ. ಬರೀ ಎರಡು ಬಿಂದುಗಳ ಲೋಕ ತೆಗೆದುಕೊಳ್ಳಿ. ಎಫ್ ಎಂದರೆ ಎರಡು ಸಂಖ್ಯೆಗಳು. ಅವನ್ನು ಎರಡು-ಎರಡರ ಮ್ಯಾಟ್ರಿಕ್ಸ್‌ನ ಕರ್ಣದ ಮೇಲೆ ಕೂರಿಸಿ. ಡಿ ಮ್ಯಾಟ್ರಿಕ್ಸ್‌ನ ಕರ್ಣದಲ್ಲಿ ಸೊನ್ನೆ, ಉಳಿದೆರಡು ಮನೆಗಳಲ್ಲಿ 5 ಇರಲಿ. ಗುಣಿಸಿ ಕಳೆಯಿರಿ. ಕಮ್ಯುಟೇಟರ್‌ನ ನಾರ್ಮ್ ಆ ಎರಡು ಸಂಖ್ಯೆಗಳ ಅಂತರದ 5 ಪಟ್ಟು. ಅದು ಒಂದನ್ನು ಮೀರದಿರಬೇಕಾದರೆ ಅಂತರ ಹೆಚ್ಚೆಂದರೆ 1/5. ಅಂದರೆ ದೂರ 1/5.

ಇನ್ನು ಡಿಯನ್ನು ಬದಲಿಸಿ: ಕರ್ಣದಲ್ಲಿ 5 ಮತ್ತು –5, ಉಳಿದೆಡೆ ಸೊನ್ನೆ. ಐಗನ್ ಮೌಲ್ಯಗಳು ಮೊದಲಿನವೇ, 5 ಮತ್ತು –5. ಸ್ವರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೆ ಈಗ ಎರಡೂ ಕರ್ಣ ಮ್ಯಾಟ್ರಿಕ್ಸ್‌ಗಳು, ಕಮ್ಯುಟೇಟರ್ ಸೊನ್ನೆ, ಎಫ್‌ಗೆ ಯಾವ ಕಡಿವಾಣವೂ ಇಲ್ಲ. ದೂರ ಅನಂತ! ಬಸ್ ಟಿಕೆಟ್‌ನ ಹಿಂಬದಿಯಲ್ಲಿ ಈ ಲೆಕ್ಕ ಮೊದಲ ಸಲ ಮಾಡಿದಾಗ ಇಳಿಯಬೇಕಾದ ಸ್ಟಾಪ್ ದಾಟಿಹೋಗಿತ್ತು. ದನಿ ಒಂದೇ ಆಗಿರುವ ಡೋಲುಗಳು ಬೇರೆಯಾಗುವುದು ಇಲ್ಲಿಯೇ, ಫಂಕ್ಷನ್‌ಗಳು ಡಿಯ ಎದುರು ಹೇಗೆ ನಿಲ್ಲುತ್ತವೆ ಎಂಬಲ್ಲಿ.

ಬೀಜಗಣಿತದ ಗುಣಾಕಾರ ಪರಿವರ್ತನೀಯವಾಗಿದ್ದು, ಇನ್ನು ಕೆಲವು ನಿಯಮಗಳಿಗೆ ಒಳಪಟ್ಟರೆ, ಈ ಮೂರರಿಂದ ನುಣುಪಾದ ಮ್ಯಾನಿಫೋಲ್ಡ್ (ಗೋಳದ ಮೇಲ್ಮೈಯಂಥ ಆಕಾರ) ಪೂರ್ತಿಯಾಗಿ ಮರಳಿ ಸಿಗುತ್ತದೆ. ಇದರ ಸಾಧನೆಯನ್ನು ಕಾನ್ 2008ರಲ್ಲಿ ಮುಂದಿಟ್ಟರು. ಗುಣಾಕಾರದ ಕ್ರಮ ಬದಲಿಸಿದರೆ ಉತ್ತರವೂ ಬದಲಾಗುವ ಕಡೆ ಬಿಂದುಗಳೆಂಬ ಆಸರೆಯೇ ಇರುವುದಿಲ್ಲ. ಆದರೂ ದೂರದ ಸೂತ್ರ ಕೆಲಸ ಮಾಡುತ್ತಲೇ ಇರುತ್ತದೆ. ಬಿಂದುಗಳ ಬದಲು ‘ಸ್ಟೇಟ್’ಗಳ (ಬೀಜಗಣಿತದ ಪ್ರತಿ ಸದಸ್ಯನಿಗೂ ಒಂದು ಸರಾಸರಿ ಬೆಲೆ ಕೊಡುವ ನಿಯಮಗಳ) ನಡುವೆ ಅಳೆಯುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ.

ಮೂರು ಬಿಂದುಗಳನ್ನು ಇಟ್ಟುಕೊಂಡು ಇದೇ ಲೆಕ್ಕ ಮಾಡಿ ನೋಡಿ. ತಟ್ಟನೆ ಗಡುಸಾಗುತ್ತದೆ, ಬಿಡಬೇಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರೋ ಆ ಹಾಳೆಯನ್ನೇ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಅಲ್ಲಿಂದ ಮುಂದುವರಿಸೋಣ.