ಮ್ಯಾಪಿನ ಕೆಂಪು ಚುಕ್ಕೆ ನೋಡಿ ಮನೆ ಬಿಡಬೇಕಾ?

ತಂಗಿ, ನಿನ್ನ ಮೆಸೇಜು ನಿನ್ನೆ ರಾತ್ರಿಯೇ ಓದಿದೆ. ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಇವತ್ತು ಕೆಲಸವೆಲ್ಲ ಮುಗಿಸಿ ಕೂತು ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಇಷ್ಟು. ಮುಂದಿನ ತಿಂಗಳು ಕಾಸರಗೋಡಿನ ನೀರ್ಚಾಲಿನಿಂದ ಹೊರಟು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ಗೆ ಬರುತ್ತಿದ್ದೀರಿ. ಬಾಡಿಗೆ ಮನೆ ನೋಡಿ ಆಗಿದೆ, ಅಡ್ವಾನ್ಸ್ ಕೊಡುವುದೊಂದು ಬಾಕಿ. ಅಷ್ಟರಲ್ಲಿ ಗಂಡನ ಆಫೀಸಿನವರು ಯಾರೋ ಲೈಂಗಿಕ ಅಪರಾಧಿಗಳ ಪಟ್ಟಿ ಇರುವ ಸರಕಾರಿ ವೆಬ್‌ಸೈಟ್ ನೋಡಲು ಹೇಳಿದರು, ನೋಡಿದರೆ ಮೂರು ರಸ್ತೆ ಆಚೆಗೆ ಒಂದು ಕೆಂಪು ಚುಕ್ಕೆ, ಫೋಟೋ, ವಿಳಾಸ ಎಲ್ಲ ಉಂಟು. ಮಗಳಿಗೆ ಆರು ವರ್ಷ. ಮನೆ ಬಿಡುವುದಾ? ಈ ಪಟ್ಟಿಯಿಂದ ಮಕ್ಕಳಿಗೆ ನಿಜವಾಗಿ ರಕ್ಷಣೆ ಉಂಟಾ? ಊರಲ್ಲಿ ಇಂಥ ರಗಳೆಯೇ ಇಲ್ಲ, ಊರೇ ವಾಸಿ ಅನಿಸುತ್ತದೆ ಅಂತ ಕೊನೆಗೆ ಬರೆದಿದ್ದೀ.

ಮನೆ ಬಿಡಬೇಡ. ಶಾಲೆ ಹತ್ತಿರ ಇದ್ದು, ಬಾಡಿಗೆ ಕೈಗೆಟುಕುವ ಹಾಗಿದ್ದರೆ ತೆಗೆದುಕೊಳ್ಳಿ. ಯಾಕೆ ಹೇಳುತ್ತೇನೆ ಅಂತ ಮುಂದೆ ಬರೆಯುತ್ತೇನೆ. ನಿನ್ನ ಹೆದರಿಕೆ ಸಣ್ಣದು ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಅದೇ ಹೆದರಿಕೆಯಲ್ಲಿ ನಾನೂ ಇದ್ದೆ.

ನಾನು ಪೆರ್ಲದಿಂದ ಇಲ್ಲಿಗೆ ಬಂದು 21 ವರ್ಷ ಆಯಿತು. ಮಗಳು ಐದು ವರ್ಷದವಳಿದ್ದಾಗ ಒಂದು ಸಂಜೆ ಪೊಲೀಸರು ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಕಾಗದ. ಹತ್ತಿರದ ರಸ್ತೆಗೆ ಒಬ್ಬ ಹೊಸದಾಗಿ ಬಂದಿದ್ದಾನೆ, ಹೀಗೆ ಹೀಗೆ ಶಿಕ್ಷೆಯಾದವನು, ಫೋಟೋ ಇದು, ಗಾಡಿ ಇದು. ನ್ಯೂಜೆರ್ಸಿಯಲ್ಲಿ ಅಪಾಯ ಎಷ್ಟು ಅಂತ ನೋಡಿ ಮೂರು ದರ್ಜೆ ಮಾಡುತ್ತಾರೆ. ಮೂರನೇ ದರ್ಜೆ, ಅಂದರೆ ಅಪಾಯ ಜಾಸ್ತಿ ಇರುವವರಾದರೆ, ಸುತ್ತಲಿನ ಮನೆಗಳಿಗೆ ಪೊಲೀಸರೇ ಬಂದು ತಿಳಿಸಬೇಕು. ಮೊದಲನೇ ದರ್ಜೆಯವರ ಹೆಸರು ಇಂಟರ್ನೆಟ್ಟಿನಲ್ಲಿ ಹಾಕುವುದೇ ಇಲ್ಲ. ಅಂದರೆ ನೀನು ನೋಡಿದ ಮ್ಯಾಪು ಸಹ ಪೂರ್ತಿ ಅಲ್ಲ.

ಆ ಸಂಜೆಯ ಮೇಲೆ ನನಗೆ ಎಷ್ಟೋ ದಿನ ನಿದ್ದೆ ಬರಲಿಲ್ಲ. ಸೈಕಲ್ ಬಂದ್, ಪಾರ್ಕ್ ಬಂದ್, ಮಗು ಅಂಗಳಕ್ಕಿಳಿದರೆ ಕಿಟಕಿಯಲ್ಲಿ ನಾನು. ಅದೇ ಹೊತ್ತಿನಲ್ಲಿ ಅವಳನ್ನು ವಾರಕ್ಕೆರಡು ದಿನ ಒಂದು ಕ್ಲಾಸಿಗೆ ಬಿಟ್ಟು ಬರುತ್ತಿದ್ದೆ. ಅಲ್ಲಿ ಕಲಿಸುವವರು ಯಾರು, ಮಕ್ಕಳ ಜೊತೆ ಬಾಗಿಲು ಹಾಕಿಕೊಂಡು ಒಬ್ಬರೇ ಇರುತ್ತಾರಾ, ಬಟ್ಟೆ ಬದಲಿಸುವಲ್ಲಿ ಯಾರಿರುತ್ತಾರೆ, ಒಂದೂ ಕೇಳಿರಲಿಲ್ಲ. ನಮ್ಮ ಭಾಷೆಯವರ ಮನೆಗಳಲ್ಲಿ ಶನಿವಾರ ಊಟಕ್ಕೆ ಸೇರಿದರೆ ಮಕ್ಕಳೆಲ್ಲ ಕೆಳಗೆ ಬೇಸ್‌ಮೆಂಟಿನಲ್ಲಿ, ನಾವೆಲ್ಲ ಮೇಲೆ ಮಾತಿನಲ್ಲಿ. ಕೆಳಗೆ ಯಾರು ಹೋದರು, ಯಾರು ಬಂದರು ಅಂತ ನೋಡುತ್ತಲೇ ಇರಲಿಲ್ಲ. ದೇವರ ದಯೆ, ಏನೂ ಆಗಲಿಲ್ಲ. ಆದರೆ ನನ್ನ ಕಣ್ಣೆಲ್ಲ ಆ ಒಂದು ಮನೆಯ ಮೇಲೆ ನೆಟ್ಟಿತ್ತು, ಉಳಿದ ಕಡೆಗೆ ನೋಡುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಈಗ ನೆನೆದರೆ ಅದೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ.

ಇಂಥವರ ವಿಷಯ ಸುತ್ತಲಿನವರಿಗೆ ತಿಳಿಸಬೇಕು ಎಂಬ ಈ ಕಾನೂನು ಹುಟ್ಟಿದ್ದು ನೀನು ಬರುವ ಊರಿನಿಂದ ಮುಕ್ಕಾಲು ಗಂಟೆ ದೂರದ ಹ್ಯಾಮಿಲ್ಟನ್‌ನಲ್ಲಿ. 1994ರ ಜುಲೈ ತಿಂಗಳು, ಮೇಗನ್ ಕಾಂಕಾ ಅಂತ ಏಳು ವರ್ಷದ ಹುಡುಗಿ. ಎದುರು ಮನೆಯವನೇ ನಾಯಿಮರಿ ತೋರಿಸುತ್ತೇನೆ ಅಂತ ಕರೆದು ಕೊಂದ. ಅವನಿಗೆ ಮೊದಲೇ ಎರಡು ಸಲ ಇಂಥದ್ದರಲ್ಲಿ ಶಿಕ್ಷೆಯಾಗಿತ್ತು, ಆ ತಂದೆತಾಯಿಗೆ ಗೊತ್ತೇ ಇರಲಿಲ್ಲ. ಸುಮಾರು ಮೂರು ತಿಂಗಳಲ್ಲಿ ನ್ಯೂಜೆರ್ಸಿ ಕಾನೂನು ತಂದಿತು, 1996ರಲ್ಲಿ ಇಡೀ ದೇಶಕ್ಕೆ ಬಂತು. ಮೇಗನ್ಸ್ ಲಾ ಅನ್ನುತ್ತಾರೆ. ನಮಗೆ ಗೊತ್ತಿದ್ದರೆ ಮಗಳು ಬದುಕುತ್ತಿದ್ದಳು ಎಂಬ ಆ ತಾಯಿಯ ಮಾತನ್ನು ನಾನು ಯಾವತ್ತೂ ಅಲ್ಲ ಅನ್ನುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಆದರೆ ನಂತರ ಏನಾಯಿತು ಅಂತ ನೋಡಬೇಕಲ್ವಾ. ಇದೇ ನ್ಯೂಜೆರ್ಸಿಯಲ್ಲಿ, ಸರಕಾರದ ದುಡ್ಡಿನಲ್ಲೇ, ಕಾನೂನಿಗೆ ಮುಂಚಿನ 10 ವರ್ಷ ಮತ್ತು ನಂತರದ 10 ವರ್ಷ ಹೋಲಿಸಿ ಒಂದು ಅಧ್ಯಯನ ಮಾಡಿದರು. 2008ರಲ್ಲಿ ಬಂತು. ಲೈಂಗಿಕ ಅಪರಾಧಗಳು ಕಾನೂನಿಗೆ ಮುಂಚೆಯೇ ಇಳಿಯಲು ಶುರುವಾಗಿದ್ದವು. ಕಾನೂನು ಬಂದ ಮೇಲೆ ಶಿಕ್ಷೆಯಾದವರು ಮತ್ತೆ ಅದೇ ತಪ್ಪು ಮಾಡುವುದು ಅದರಿಂದ ಕಡಿಮೆಯಾಗಲಿಲ್ಲ, ಬಲಿಯಾದವರ ಸಂಖ್ಯೆಯೂ ಕಡಿಮೆಯಾಗಲಿಲ್ಲ. ಖರ್ಚು ಮಾತ್ರ ವರ್ಷ ವರ್ಷ ಏರಿತು. ಅದೇ ವರ್ಷ ನ್ಯೂಯಾರ್ಕಿನ 21 ವರ್ಷದ ಲೆಕ್ಕ ನೋಡಿದ ಇನ್ನೊಂದು ಅಧ್ಯಯನವೂ ಬಂತು. ಪಟ್ಟಿಗೆ ಸೇರುವಂಥ ಅಪರಾಧಗಳಲ್ಲಿ ಬಂಧನವಾದವರ ಪೈಕಿ ನೂರಕ್ಕೆ 95ಕ್ಕಿಂತ ಹೆಚ್ಚು ಜನರಿಗೆ ಮೊದಲು ಅಂಥ ಶಿಕ್ಷೆಯೇ ಆಗಿರಲಿಲ್ಲ. ಇದನ್ನು ಎರಡು ಸಲ ಓದು ತಂಗಿ. ಬಂಧನವಾದ ದಿನ ಮ್ಯಾಪ್ ನೋಡಿದ್ದರೆ ಅವರಲ್ಲಿ ಹೆಚ್ಚುಕಡಿಮೆ ಯಾರೂ ಅದರಲ್ಲಿ ಸಿಗುತ್ತಿರಲಿಲ್ಲ.

ಮತ್ತೆ ಈ ಜನ ಎಲ್ಲರೂ ಬಿಡುಗಡೆಯಾದ ಕೂಡಲೇ ಅದನ್ನೇ ಮಾಡುತ್ತಾರೆ ಅಂತ ಒಂದು ನಂಬಿಕೆ ಉಂಟು. ಅಮೆರಿಕದ ನ್ಯಾಯ ಇಲಾಖೆ 2005ರಲ್ಲಿ ಬಿಡುಗಡೆಯಾದವರನ್ನು 9 ವರ್ಷ ಲೆಕ್ಕ ಇಟ್ಟು ನೋಡಿದಾಗ ಲೈಂಗಿಕ ಅಪರಾಧಕ್ಕೆ ಮತ್ತೆ ಬಂಧನವಾದವರು ನೂರಕ್ಕೆ 8ಕ್ಕಿಂತ ಕಡಿಮೆ. ಇದು ಸಿಕ್ಕಿಬಿದ್ದವರ ಲೆಕ್ಕ. ದೂರೇ ಬರದ ಪ್ರಕರಣಗಳು ಬೇಕಾದಷ್ಟು ಇರುತ್ತವೆ, ಅದನ್ನು ಮರೆಯಬಾರದು. ಆದರೂ ನಾವು ಮನಸ್ಸಿನಲ್ಲಿ ಇಟ್ಟುಕೊಂಡ ಸಂಖ್ಯೆಗೂ ಇದಕ್ಕೂ ತುಂಬಾ ದೂರ.

ಪಟ್ಟಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಪೊಲೀಸರ ಕೈಯಲ್ಲಿ ಅದು ಬೇಕು. 15 ರಾಜ್ಯಗಳ ಲೆಕ್ಕ ನೋಡಿ 2011ರಲ್ಲಿ ಬಂದ ಅಧ್ಯಯನ ಹೇಳುವುದೂ ಹಾಗೇ. ಯಾರು ಎಲ್ಲಿದ್ದಾರೆ ಅಂತ ಪೊಲೀಸರಿಗೆ ಗೊತ್ತಿದ್ದರೆ ಅಪರಾಧ ಸ್ವಲ್ಪ ಕಡಿಮೆಯಾಗುತ್ತದೆ. ಊರಿಗೆಲ್ಲ ಸಾರಿದರೆ ಇನ್ನೂ ತಪ್ಪು ಮಾಡದವರು ಹೆದರಿ ಹಿಂದೆ ಸರಿಯಬಹುದು, ಆದರೆ ಪಟ್ಟಿಯಲ್ಲಿ ಇರುವವರು ಮತ್ತೆ ತಪ್ಪು ಮಾಡುವುದು ಜಾಸ್ತಿಯಾಗಬಹುದು. ಯಾಕೆ ಅಂತ ಯೋಚಿಸಿದರೆ ಗೊತ್ತಾಗುತ್ತದೆ. ಕೆಲಸ ಇಲ್ಲ, ಬಾಡಿಗೆಗೆ ಮನೆ ಇಲ್ಲ, ಮಾತಾಡಿಸುವವರಿಲ್ಲ, ಕಳೆದುಕೊಳ್ಳುವುದಕ್ಕೆ ಏನೂ ಉಳಿಯದ ಮನುಷ್ಯ. ಮಯಾಮಿಯಲ್ಲಿ ಶಾಲೆಯಿಂದ ಇಷ್ಟು ದೂರ, ಪಾರ್ಕಿನಿಂದ ಇಷ್ಟು ದೂರ ಇರಬೇಕು ಅಂತ ನಿಯಮ ಮಾಡಿ ಮಾಡಿ ಕೊನೆಗೆ ಅವರಿಗೆ ಇರಲು ಜಾಗವೇ ಇಲ್ಲದೆ ಸೇತುವೆಯ ಅಡಿಯಲ್ಲಿ ವರ್ಷಗಟ್ಟಲೆ ಡೇರೆ ಹಾಕಿ ಇದ್ದರು. ಸೇತುವೆ ಅಡಿಯಲ್ಲಿ ಇರುವವನ ಮೇಲೆ ಕಣ್ಣಿಡುವುದು ಸುಲಭವಾ, ಮನೆಯಲ್ಲಿ ಇರುವವನ ಮೇಲಾ? ಮೇನ್ ರಾಜ್ಯದಲ್ಲಿ 2006ರಲ್ಲಿ ಒಬ್ಬ ಹುಡುಗ ಪಟ್ಟಿ ನೋಡಿ ಮನೆ ಹುಡುಕಿಕೊಂಡು ಹೋಗಿ ಇಬ್ಬರನ್ನು ಗುಂಡಿಕ್ಕಿ ಕೊಂದ. ಅದರಲ್ಲಿ ಒಬ್ಬ ಪಟ್ಟಿಗೆ ಸೇರಿದ್ದು, ತಾನು 19 ವರ್ಷದವನಿದ್ದಾಗ 16 ತುಂಬಲು ಕೆಲವೇ ದಿನ ಬಾಕಿ ಇದ್ದ ತನ್ನ ಗೆಳತಿಯ ಜೊತೆ ದೈಹಿಕ ಸಂಬಂಧ ಇದ್ದುದಕ್ಕೆ. ಅಂಥವನಿಗೂ ಅದೇ ಪಟ್ಟಿಯಲ್ಲೇ ಜಾಗ.

ಮಿನೆಸೋಟಾದ ಪ್ಯಾಟಿ ವೆಟರ್ಲಿಂಗ್ ಎಂಬ ತಾಯಿಯ ವಿಷಯ ನಾನು ತುಂಬಾ ಯೋಚಿಸಿದ್ದೇನೆ. 1989ರಲ್ಲಿ ಅವರ 11 ವರ್ಷದ ಮಗ ಜೇಕಬ್‌ನನ್ನು ರಸ್ತೆಯಿಂದಲೇ ಎತ್ತಿಕೊಂಡು ಹೋದರು. ಎಲ್ಲ ರಾಜ್ಯಗಳೂ ಪಟ್ಟಿ ಇಡಬೇಕು ಎಂಬ 1994ರ ಕಾನೂನಿಗೆ ಅವನದೇ ಹೆಸರು, ಅದಕ್ಕಾಗಿ ಓಡಾಡಿದ್ದು ಇವರೇ. ಮಗನ ಮೂಳೆ ಸಿಕ್ಕಿದ್ದು 2016ರಲ್ಲಿ, 27 ವರ್ಷದ ಮೇಲೆ. ಅಂಥ ತಾಯಿಯೇ ಈ ಪಟ್ಟಿಗಳು ಅತಿಯಾದವು, ಸಣ್ಣ ಹುಡುಗರನ್ನೂ ಇದರಲ್ಲಿ ತುಂಬಿಸುತ್ತಿದ್ದೇವೆ ಅಂತ ಬಹಿರಂಗವಾಗಿ ಹೇಳಿದರು. ಅಷ್ಟು ಕಳೆದುಕೊಂಡವರು ಹಾಗೆ ಹೇಳಬೇಕಾದರೆ ಎಷ್ಟು ಗಟ್ಟಿ ಮನಸ್ಸು ಬೇಕು.

ಇನ್ನು ಊರೇ ವಾಸಿ ಎಂಬ ಮಾತು.

ಮಾರಾಯ್ತಿ, ಊರಲ್ಲೂ ಪಟ್ಟಿ ಉಂಟು. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಶುರು ಮಾಡಿತು, ಆಗಲೇ ಅದರಲ್ಲಿ 4.4 ಲಕ್ಷ ದಾಖಲೆ ಇತ್ತು. ಪೊಲೀಸರಿಗೆ ಮಾತ್ರ ಕಾಣುತ್ತದೆ, ನಿನಗೂ ನನಗೂ ಇಲ್ಲ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಮ್ಯಾಪಿನಲ್ಲಿ ಚುಕ್ಕೆ ಇಲ್ಲ ಅಂದ ಮಾತ್ರಕ್ಕೆ ಊರು ಸುರಕ್ಷಿತ ಆಗುವುದಿಲ್ಲ. ಭಾರತದಲ್ಲಿ ಅತ್ಯಾಚಾರದ ಕೇಸುಗಳ ಸರಕಾರಿ ಲೆಕ್ಕದಲ್ಲಿ ವರ್ಷ ವರ್ಷವೂ ನೂರಕ್ಕೆ 90ಕ್ಕಿಂತ ಹೆಚ್ಚು ಆರೋಪಿಗಳು ಪರಿಚಯದವರೇ. ಇಲ್ಲಿಯೂ ಅದೇ. ಪೊಲೀಸರಿಗೆ ದೂರು ಬಂದ ಮಕ್ಕಳ ಪ್ರಕರಣಗಳನ್ನು ನೋಡಿ 2000ದಲ್ಲಿ ಕೊಟ್ಟ ವರದಿಯಲ್ಲಿ ನೂರಕ್ಕೆ 34 ಮನೆಯವರು, 59 ಪರಿಚಯದವರು, ಅಪರಿಚಿತರು ಬರೀ 7.

ನಾನು ಬೆಳೆದದ್ದು ಒಂದು ಅಡಕೆ ತೋಟದ ಮನೆಯಲ್ಲಿ. ನಮ್ಮಲ್ಲಿಗೆ ಒಬ್ಬ ನೆಂಟ ಬರುತ್ತಿದ್ದ. ಎಲ್ಲರಿಗೂ ಬೇಕಾದವ. ಜಂಬರ ಬಂತೆಂದರೆ ಚಪ್ಪರ ಹಾಕುವುದಕ್ಕೆ, ಬಡಿಸುವುದಕ್ಕೆ ಅವನೇ ಮುಂದೆ. ನನ್ನ ಅತ್ತೆಯ ಮಗಳು, ನನಗಿಂತ ಎರಡು ವರ್ಷ ಸಣ್ಣವಳು, ಅವನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಅಟ್ಟ ಹತ್ತುತ್ತಿದ್ದಳು. ನೆಂಟರು ಬಂದಾಗ ಅಡಗಿ ಕೂರುವುದಾ, ಮರ್ಯಾದೆ ಕಲಿತಿಲ್ಲವಾ ಅಂತ ದೊಡ್ಡವರು ಬೈದು ಕೆಳಗೆ ಕರೆತರುತ್ತಿದ್ದರು. ಅವಳು ನನಗೆ ವಿಷಯ ಹೇಳಿದ್ದು ಮದುವೆಯಾಗಿ ಮಕ್ಕಳಾದ ಮೇಲೆ. ಆಗ ಒಂದೇ ಒಂದು ಸಲ ಅಮ್ಮನ ಹತ್ತಿರ ಹೇಳಿದ್ದಳಂತೆ. ಯಾರಿಗೂ ಹೇಳಬೇಡ ಅಂತ ಅಮ್ಮ ಬಾಯಿ ಮುಚ್ಚಿಸಿದರಂತೆ. ಆ ಮನುಷ್ಯ ಯಾವ ಪಟ್ಟಿಗೂ ಸೇರಲಿಲ್ಲ. ಸತ್ತಾಗ ಊರೆಲ್ಲ ಬಂದಿತ್ತು, ನಾನೂ ಇದ್ದೆ.

ಆ ದಿನ ಯಾರಾದರೂ ಬೈಯುವ ಬದಲು ಯಾಕೆ ಮಗಾ ಅಂತ ಕೇಳಿದ್ದರೆ? ಇವತ್ತಿಗೂ ಅದೇ ಯೋಚನೆ ಬರುತ್ತದೆ. ಆಗ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಅಂತಲೇ ಬೇರೆ ಕಾನೂನೂ ಇರಲಿಲ್ಲ. ಈಗ ಪೋಕ್ಸೋ ಉಂಟು, 2012ರಿಂದ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಅಪರಾಧ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿಕೆ ಬರೆದುಕೊಳ್ಳುವುದಾದರೆ ಅನುವಾದಕರನ್ನು ಕೊಡಬೇಕು ಅಂತಲೂ ಅದರಲ್ಲಿ ಉಂಟು. ಕಾಸರಗೋಡಿನ ಕನ್ನಡದ ಮನೆಗಳಿಗೆ ಇದು ಗೊತ್ತಿರಲೇಬೇಕು. ಠಾಣೆಯಲ್ಲಿ ಮಲಯಾಳ, ಮಗುವಿಗೆ ಬರುವುದು ಕನ್ನಡವೋ ತುಳುವೋ. ಹೇಳಲು ಧೈರ್ಯ ಮಾಡಿದ ಮಗು ಭಾಷೆಯ ಕಾರಣಕ್ಕೆ ಸುಮ್ಮನಾಗಬಾರದು. ನಿನ್ನ ಅಕ್ಕತಂಗಿಯರಿಗೆ ಇದನ್ನೂ, ಮಕ್ಕಳ ಸಹಾಯವಾಣಿಯ 1098 ನಂಬರನ್ನೂ ಹೇಳಿಟ್ಟು ಹೊರಡು.

ಇಲ್ಲಿಗೆ ಬಂದ ಮೇಲೆ ಏನು ಮಾಡುವುದು ಅಂದರೆ, ಆ ಚುಕ್ಕೆಯವನ ಮುಖ ಒಂದು ಸಲ ನೋಡಿಟ್ಟುಕೊ, ಸಾಕು. ಅವನ ಮನೆ ಮುಂದೆ ಹೋಗುವುದು, ಫೋಟೋ ವಾಟ್ಸಾಪಿನಲ್ಲಿ ಹಂಚುವುದು ಮಾಡಬೇಡ. ಆ ಮಾಹಿತಿ ಹಿಡಿದು ಯಾರನ್ನಾದರೂ ಬೆದರಿಸಿದರೆ ನಿನ್ನ ಮೇಲೆಯೇ ಕೇಸಾಗುತ್ತದೆ. ಉಳಿದ ಶಕ್ತಿಯನ್ನೆಲ್ಲ ಮಗಳ ಸುತ್ತ ಇರುವವರ ಕಡೆಗೆ ಇಡು. ಕ್ಲಾಸಿಗೆ ಸೇರಿಸುವ ಮೊದಲು ಕೇಳು, ದೊಡ್ಡವರೊಬ್ಬರೇ ಮಗುವಿನ ಜೊತೆ ಇರದಂತೆ ನಿಯಮ ಉಂಟಾ, ತಂದೆತಾಯಿ ಕೂತು ನೋಡಬಹುದಾ ಅಂತ. ಕೇಳಿದರೆ ಒಳ್ಳೆಯವರಿಗೆ ಬೇಜಾರಾಗುವುದಿಲ್ಲ. ಬೇಜಾರು ಮಾಡಿಕೊಂಡರೆ ಬೇರೆ ಕ್ಲಾಸು ನೋಡು. ರಾತ್ರಿ ಬೇರೆಯವರ ಮನೆಯಲ್ಲಿ ಮಲಗಲು ಕಳಿಸುವ ಅಭ್ಯಾಸ ಇಲ್ಲಿ ಜಾಸ್ತಿ. ನಾನು ಕಳಿಸುತ್ತಿರಲಿಲ್ಲ, ಮಗಳು ಅತ್ತಳು, ಆದರೂ ಕಳಿಸಲಿಲ್ಲ. ನ್ಯೂಜೆರ್ಸಿಯಲ್ಲಿ ಮಗುವಿಗೆ ಹಿಂಸೆಯಾಗುತ್ತಿದೆ ಅಂತ ಅನುಮಾನ ಬಂದರೆ ತಿಳಿಸುವುದು ಎಲ್ಲರ ಮೇಲೂ ಇರುವ ಕರ್ತವ್ಯ, ಟೀಚರಿಗೆ ಮಾತ್ರ ಅಲ್ಲ. ವೀಸಾಕ್ಕೆ ತೊಂದರೆಯಾದೀತು, ನಮ್ಮವರ ಮಾನ ಹೋದೀತು ಅಂತ ಬಾಯಿ ಮುಚ್ಚಿ ಕೂತ ಮನೆಗಳನ್ನು ನಾನು ನೋಡಿದ್ದೇನೆ. ನೀನು ಹಾಗೆ ಮಾಡಬೇಡ.

ಮಗಳ ಜೊತೆ ಮಾತು ಮಾತ್ರ ಇಲ್ಲಿಗೆ ಬಂದ ಮೇಲೆ ಅಂತ ಮುಂದೂಡಬೇಡ. ನಮ್ಮ ಮನೆಗಳಲ್ಲಿ ಕೈಕಾಲು ಮೂಗು ಕಿವಿ ಎಲ್ಲದಕ್ಕೂ ಹೆಸರು ಕಲಿಸುತ್ತೇವೆ, ಚಡ್ಡಿಯೊಳಗಿನದ್ದಕ್ಕೆ ಬರೀ ಶೀ ಶೀ. ಹೆಸರೇ ಇಲ್ಲದ್ದನ್ನು ಮಗು ಹೇಗೆ ಹೇಳಬೇಕು? ಒಂದು ಹೆಸರು ಕಲಿಸು, ಕನ್ನಡದ್ದೂ ಇರಲಿ, ಇಂಗ್ಲಿಷಿನದ್ದೂ ಇರಲಿ, ಶಾಲೆಯಲ್ಲಿ ಹೇಳಬೇಕಾದರೆ ಬೇಕು. ಯಾರಾದರೂ ಮುಟ್ಟಿ, ಅಮ್ಮನಿಗೆ ಹೇಳಬೇಡ ಅಂದರೆ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು, ಅಮ್ಮ ಬೈಯುವುದಿಲ್ಲ ಅಂತ ಹೇಳು. ಒಂದು ಸಲ ಹೇಳಿದರೆ ಸಾಲದು, ಸ್ನಾನ ಮಾಡಿಸುವಾಗ, ತಲೆ ಬಾಚುವಾಗ ಹೇಳುತ್ತಾ ಇರು.

ಹೊರಡುವ ಮೊದಲು ನೆಂಟರ ಮನೆಗಳಿಗೆಲ್ಲ ಹೋಗುತ್ತೀರಿ. ಅಮೆರಿಕಕ್ಕೆ ಹೋಗುವ ಮಗು ಅಂತ ಎಲ್ಲರೂ ಎತ್ತಿ ತೊಡೆ ಮೇಲೆ ಕೂರಿಸುತ್ತಾರೆ, ಮಾಮನಿಗೊಂದು ಮುತ್ತು ಕೊಡು ಅನ್ನುತ್ತಾರೆ. ಅವಳು ಬೇಡ ಅಂದರೆ, ಬೇಡವಂತೆ ಬಿಡಿ ಅಂತ ನೀನೇ ಹೇಳು. ಅತ್ತೆಗೆ ಸ್ವಲ್ಪ ಮುಖ ಸಣ್ಣದಾಗಬಹುದು, ಆಗಲಿ. ಅವಳು ನಿನ್ನ ಮುಖ ನೋಡುತ್ತಿರುತ್ತಾಳೆ.

ಅಡ್ವಾನ್ಸ್ ಕೊಡುವ ಮೊದಲು ಬಾಡಿಗೆ ಕಾಗದ ನನಗೊಮ್ಮೆ ಕಳಿಸು, ಬೇರೆ ಕೆಲವು ವಿಷಯ ನೋಡಬೇಕು.