ಈಜು ಬಾರದವಳಿಗೆ ಈಜುಕೊಳದ ಮನೆ

(ಆಪ್ತಸಲಹೆಗೆಂದು ನನ್ನ ಬಳಿ ಬಂದ ಗಂಡ ಹೆಂಡತಿಯ ಕಥೆ ಇದು. ಗುರುತು ಸಿಗಬಾರದೆಂದು ಊರು, ಉದ್ಯೋಗ, ಮೊತ್ತಗಳನ್ನು ತುಸು ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಇಬ್ಬರೂ ನನ್ನ ಮಕ್ಕಳ ವಯಸ್ಸಿನವರು, ಹಾಗಾಗಿ ಏಕವಚನ.)

"ಈಕಿಗೆ ಈಜಾಕ ಬರಂಗಿಲ್ರಿ ಮೇಡಂ. ಆದ್ರೂ ಸ್ವಿಮ್ಮಿಂಗ್ ಪೂಲ್ ಇರೋ ಅಪಾರ್ಟ್‌ಮೆಂಟೇ ಬೇಕಂತ."

ಕುರ್ಚಿಯಲ್ಲಿ ನೆಟ್ಟಗೆ ಕೂರುವ ಮೊದಲೇ ಆತ ಹೇಳಿದ್ದು ಇದು. ಆಕೆ ನನ್ನ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತಾ ಕೂತಿದ್ದಳು.

ಆತ ರಾಣೆಬೆನ್ನೂರು ಕಡೆಯವ, ಆಫೀಸು ವೈಟ್‌ಫೀಲ್ಡಿನಲ್ಲಿ. ಆಕೆ ತಿಪಟೂರಿನವಳು, ಮನೆಯಿಂದಲೇ ಒಂದು ಸಂಸ್ಥೆಯ ಲೆಕ್ಕಪತ್ರ ನೋಡುತ್ತಾಳೆ. ನಾಲ್ಕು ವರ್ಷದ ಮಗನಿದ್ದಾನೆ. ವಿಜಯನಗರದಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಮೆಟ್ರೋ ನೇರಳೆ ಮಾರ್ಗ ವೈಟ್‌ಫೀಲ್ಡ್ ತನಕ ಆದಮೇಲೆ ಆತನ ಪ್ರಯಾಣ ಸಲೀಸಾಗಿದೆ, ಆದರೂ ಒಂದು ಕಡೆಗೇ ಗಂಟೆ ದಾಟುತ್ತದೆ. ಈಗ ಮನೆ ಬದಲಿಸಲೇಬೇಕಾದ ಕಾರಣ ಬೇರೆ. ಆತನ ತಾಯಿಗೆ ಮೊಣಕಾಲು ಆಪರೇಷನ್ ಆಗಬೇಕು, ಆಮೇಲೆ ಅವರು ಇವರ ಜೊತೆಗೇ ಇರುತ್ತಾರೆ. ಮೂರು ಮಹಡಿ ಹತ್ತಿಸುವ ಮಾತೇ ಇಲ್ಲ.

ಎರಡು ತಿಂಗಳು ಮನೆ ಹುಡುಕಿದ್ದಾರೆ. ಕೊನೆಯ ಹನ್ನೆರಡು ದಿನ ಇಬ್ಬರಿಗೂ ಮಾತಿಲ್ಲ. "ಅಪ್ಪಂಗೆ ಊಟಕ್ಕೆ ಬಾ ಅನ್ನು," "ಅಮ್ಮಗ ಹಾಲು ತರ್ಲೇನು ಕೇಳು" ಎಂದು ಮಗುವನ್ನೇ ಪೋಸ್ಟ್‌ಮ್ಯಾನ್ ಮಾಡಿಕೊಂಡಿದ್ದರು. ಆಕೆಯ ಅಕ್ಕ ನನ್ನ ನಂಬರ್ ಕೊಟ್ಟು ಕಳಿಸಿದ್ದು.

ಜಗಳ ಎರಡು ಮನೆಗಳ ನಡುವೆ. ಒಂದು ವೈಟ್‌ಫೀಲ್ಡ್ ಆಚೆಯ ದೊಡ್ಡ ಗೇಟೆಡ್ ಅಪಾರ್ಟ್‌ಮೆಂಟ್: ಈಜುಕೊಳ, ಕ್ಲಬ್ ಹೌಸ್, ಜಿಮ್, ಟೆನಿಸ್ ಕೋರ್ಟ್. ಬಾಡಿಗೆ 38,000, ಮೇಂಟೆನೆನ್ಸ್ ಹತ್ತಿರಹತ್ತಿರ 5,500. ಇನ್ನೊಂದು ಹೊಸ ತಿಪ್ಪಸಂದ್ರದಲ್ಲಿ ಹದಿನಾರು ಮನೆಗಳ ಹಳೆಯ ಕಟ್ಟಡ. ಕಾವೇರಿ ನೀರಿದೆ, ಲಿಫ್ಟ್ ಇದೆ, ಅಷ್ಟೇ. 31,000, ಮೇಂಟೆನೆನ್ಸ್ 1,500. ಮೊದಲನೆಯದಕ್ಕೆ ಆರು ತಿಂಗಳ ಅಡ್ವಾನ್ಸ್, ಎರಡನೆಯದಕ್ಕೆ ಐದು.

ಆತ ಮೊಬೈಲಿನಲ್ಲಿ ಲೆಕ್ಕದ ಹಾಳೆಯನ್ನೇ ತಂದಿದ್ದ. ತಿಂಗಳಿಗೆ 11,000 ವ್ಯತ್ಯಾಸ, ಹನ್ನೊಂದು ತಿಂಗಳ ಅಗ್ರಿಮೆಂಟಿಗೆ 1,21,000. ಅಡ್ವಾನ್ಸಿನಲ್ಲಿ 73,000 ಹೆಚ್ಚು, ಅದೂ ಬಡ್ಡಿಯಿಲ್ಲದೆ ಓನರ್ ಕೈಲಿ. ಮೇಂಟೆನೆನ್ಸನ್ನು ಬಿಡಿಸಿ ತೋರಿಸಿದ: ಚದರಡಿಗೆ 4.50ರಂತೆ 1,220 ಚದರಡಿ. "ಮನಿ ಒಳಗ ಅಳತಿ ಹಿಡದ್ರ 870 ಬರತೈತಿ. ಉಳಿದದ್ದು ಲಾಬಿ, ಮೆಟ್ಟಿಲು, ಕ್ಲಬ್ ಹೌಸಿನ ಪಾಲು. ನಾವು ಆ ಕ್ಲಬ್ ಹೌಸಿನಾಗ ಕಾಲಿಡಲಿಲ್ಲಂದ್ರೂ ಅದರ ಕಸ ಹೊಡೆಯೋ ರೊಕ್ಕ ನಾವ ಕೊಡಬೇಕು." ಹಳೇ ಏರಿಯಾದ ಜಿಮ್ಮಿಗೆ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿ ತಾನು ಹೋದದ್ದು ಹತ್ತೊಂಬತ್ತು ದಿನ ಎಂಬುದನ್ನೂ ಬರೆದುಕೊಂಡಿದ್ದ. ತನ್ನ ತಪ್ಪನ್ನೂ ಲೆಕ್ಕಕ್ಕೆ ಹಿಡಿಯುವ ಮನುಷ್ಯ ನನಗೆ ಇಷ್ಟವಾಗುತ್ತಾನೆ, ಸುಳ್ಳೇಕೆ.

ಅಲ್ಲೇ ನಾನು ಎಡವಿದ್ದು. ಲೆಕ್ಕ ಸರಿಯಾಗಿದೆ ಅನ್ನಿಸಿ ಆಕೆಯ ಕಡೆ ತಿರುಗಿ, "ವಾರದಲ್ಲಿ ಎಷ್ಟು ದಿನ ನೀವು ಆ ಪೂಲ್ ಬಳಸಬಹುದು ಅನ್ಸತ್ತೆ?" ಎಂದುಬಿಟ್ಟೆ. ಕೇಳಿದ್ದು ಮೆಲ್ಲಗೇ, ಆದರೆ ಪ್ರಶ್ನೆ ಆತನ ಹಾಳೆಯದೇ. ಆಕೆ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು "ಬಳಸಲ್ಲ ಮೇಡಂ" ಎಂದಳು. ಆಮೇಲೆ ಆ ದಿನ ಮಾತಾಡಲಿಲ್ಲ.

ಎರಡನೇ ಭೇಟಿಯಲ್ಲಿ ಮೊದಲ ಇಪ್ಪತ್ತು ನಿಮಿಷ ಆಕೆಯನ್ನೊಬ್ಬಳನ್ನೇ ಕೂರಿಸಿಕೊಂಡೆ. ಬೇಕೋ ಬೇಡವೋ ಕೇಳಲಿಲ್ಲ. ಆ ಅಪಾರ್ಟ್‌ಮೆಂಟ್ ನೋಡಲು ಹೋದ ದಿನ ಏನೇನು ಕಂಡಿತು, ಅಷ್ಟು ಹೇಳಿ ಅಂದೆ.

ಹೋದಾಗ ಸಂಜೆ ಐದೂವರೆಯಂತೆ. ಬ್ರೋಕರ್ ಮತ್ತು ಗಂಡ ಫ್ಲ್ಯಾಟ್ ನೋಡಲು ಮೇಲೆ ಹೋದರು. ಮಗು ನೀರು ಕಂಡು ನಿಂತುಬಿಟ್ಟಿತು, ಆಕೆಯೂ ನಿಂತಳು. ಮಕ್ಕಳು ನೀರಲ್ಲಿ. ದಂಡೆಯ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾಲ್ಕೈದು ಹೆಂಗಸರು. ಒಬ್ಬರು ಟವೆಲ್ ಹಿಡಿದು ಮಗನಿಗೆ "ಬಾರೋ ಸಾಕು, ತುಟಿ ನೀಲಿಯಾಗಿದೆ" ಅಂತ ಕೂಗ್ತಿದ್ದರು. ಇನ್ನೊಬ್ಬರು ಅವರೆಕಾಳು ಹಿಸುಕ್ತಾ ಕೂತಿದ್ದರಂತೆ, ಈಜುಕೊಳದ ದಂಡೆಯಲ್ಲಿ! ಅವರೇ ತಲೆಯೆತ್ತಿ ಕೇಳಿದ್ದು: "ಯಾವೂರಮ್ಮ ನಿಮ್ದು?" ತಿಪಟೂರು ಅಂದಿದ್ದಕ್ಕೆ "ನಮ್ಮ ನಾದಿನೀನ ಅಲ್ಲಿಗೇ ಕೊಟ್ಟಿರೋದು" ಅಂತ ಕುರ್ಚಿ ಎಳೆದು ಕೊಟ್ಟರು. ಕೂತದ್ದು ಹತ್ತು ನಿಮಿಷ.

"ಮೇಡಂ, ನಾನು ಮನೇಲೇ ಕೆಲಸ ಮಾಡೋಕೆ ಶುರು ಮಾಡಿ ಮೂರು ವರ್ಷ ಆಯ್ತು. ಕೆಳಗಡೆ ಮನೆಯವರು ಬಾಗಿಲು ತೆಗೆಯಲ್ಲ. ಇವ್ರು ಬರೋದು ರಾತ್ರಿ ಎಂಟೂವರೆಗೆ. ನಾನು ಬಾಯಿಬಿಟ್ಟು ಮಾತಾಡೋದು ಸೊಪ್ಪಿನಮ್ಮನ ಹತ್ರ ಒಬ್ಬರ ಹತ್ರಾನೇ."

ಆಕೆಗೆ ಬೇಕಾದದ್ದು ಆ ಕುರ್ಚಿ. ಬ್ರೋಕರಿನ ಪಟ್ಟಿಯಲ್ಲಿ ಕುರ್ಚಿ ಇರುವುದಿಲ್ಲ, ಈಜುಕೊಳ ಇರುತ್ತದೆ. ಹಾಗಾಗಿ ಆಕೆಯೂ ಈಜುಕೊಳ ಅಂದಳು, ಗಂಡನೂ ಈಜುಕೊಳಕ್ಕೇ ಲೆಕ್ಕ ಹಾಕಿದ.

ಆತನ ಸರದಿಯಲ್ಲಿ ಹೊರಬಿದ್ದದ್ದು ಬೇರೆ. ಹಿಂದಿನ ಮನೆ ಬಿಟ್ಟಾಗ ಓನರ್ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಅದು ಬೆಂಗಳೂರಿನ ವಾಡಿಕೆ, ಇರಲಿ. ಉಳಿದ ಅಡ್ವಾನ್ಸಿಗೂ ಮೂರು ತಿಂಗಳು ಅಲೆಸಿದರು. ಆ ಭಯ ಇನ್ನೂ ಇಳಿದಿಲ್ಲ. ಮೇಲಾಗಿ ತಾಯಿಯ ಆಪರೇಷನ್ನಿಗೆ ಉಳಿತಾಯದಿಂದ ಎಷ್ಟು ಹೋಗುತ್ತದೆ ಎಂದು ಹೆಂಡತಿಗೆ ಹೇಳೇ ಇರಲಿಲ್ಲ. "ಹೇಳಿದ್ರ, ನಿಮ್ಮವ್ವನ ಸಲುವಾಗಿ ನನ್ನ ಆಸೆ ಬಿಡಬೇಕೇನು ಅಂತಾಳಂತ." ಆಕೆ ಹಾಗೆ ಅಂದಿದ್ದಾಳಾ? "ಇಲ್ರಿ. ಅನಬಹುದಂತ." ನನ್ನ ಕೋಣೆಗೆ ಬರುವ ಜಗಳಗಳಲ್ಲಿ ಎಷ್ಟೋ ಹೀಗೇ, ಇನ್ನೂ ಆಡದ ಮಾತಿಗೆ ಉತ್ತರ ಕೊಟ್ಟು ಸುಸ್ತಾಗಿರುತ್ತಾರೆ.

ಇಬ್ಬರನ್ನೂ ಕೂರಿಸಿ ಆ ಮೊತ್ತವನ್ನು ಆತನ ಬಾಯಿಂದಲೇ ಹೇಳಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು "ರೀ, ಲೆಕ್ಕ ನೋಡೋದೇ ನನ್ನ ಕೆಲಸ. ನಂಗೊಬ್ಬಳಿಗೇ ಲೆಕ್ಕ ತೋರಿಸಲ್ವಲ್ಲ ನೀವು" ಎಂದಳು. ಅಳು ಬರುವುದೇನೋ ಅಂದುಕೊಂಡೆ, ಬರಲಿಲ್ಲ. ಮೊಬೈಲ್ ಇಸಿದುಕೊಂಡು ಹಾಳೆಯಲ್ಲಿದ್ದ ಒಂದು ತಪ್ಪು ತಿದ್ದಿದಳು.

ಆಮೇಲೆ ನಾನು ಕೊಟ್ಟ ಸಲಹೆ. ನಾನು ಬ್ರೋಕರ್ ಅಲ್ಲ, ಯಾವ ಮನೆ ಅಂತ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಮೂವತ್ತು ವರ್ಷದಲ್ಲಿ ಏಳು ಬಾಡಿಗೆ ಮನೆ ಕಂಡವಳು. ಅಮೆನಿಟೀಸ್ ಎಂಬ ಒಂದೇ ಮೂಟೆಯನ್ನು ಬಿಚ್ಚಿ ಅಂದೆ. ಕೆಲವು ನಿಂತರೆ ಮನೆಯೇ ನಿಲ್ಲುತ್ತದೆ: ನೀರು, ಲಿಫ್ಟ್, ಕರೆಂಟ್ ಹೋದಾಗ ಲಿಫ್ಟಿಗೆ ಜನರೇಟರ್. ಆತ "ಜನರೇಟರ್" ಎದುರು "ದಂಡ" ಎಂದು ಬರೆದಿದ್ದ. ಹೊಸ ಮೊಣಕಾಲಿನ ತಾಯಿ ನಾಲ್ಕನೇ ಮಹಡಿಯ ಲಿಫ್ಟಿನಲ್ಲಿ, ಕರೆಂಟ್ ಇಲ್ಲ, ಆಗ? ಆತ ಹಣೆ ಉಜ್ಜಿಕೊಂಡ. ಹೊಸ ತಿಪ್ಪಸಂದ್ರದ ಕಟ್ಟಡದಲ್ಲಿ ಜನರೇಟರ್ ಇದೆಯೋ ಎಂದು ಕೇಳಿಯೂ ಇರಲಿಲ್ಲ.

ಜಿಮ್, ಈಜು, ಟೆನಿಸ್ ಹಾಗಲ್ಲ. ಬೇಕೆಂದ ತಿಂಗಳು ಹೊರಗೆ ದುಡ್ಡು ಕೊಟ್ಟು ಕೊಳ್ಳಬಹುದು, ಬೇಡವೆಂದ ತಿಂಗಳು ಬಿಡಬಹುದು. ಮೇಂಟೆನೆನ್ಸಿನಲ್ಲಿ ಸೇರಿದರೆ ಬಿಡುವ ಹಾಗಿಲ್ಲ. ಅವುಗಳ ಬೆಲೆಯನ್ನು ಹೊರಗಿನ ಬೆಲೆಯ ಪಕ್ಕ ಇಟ್ಟು ನೋಡಿದರೆ ಸಾಕು, ಅದಕ್ಕೆ ಆಪ್ತಸಲಹೆ ಬೇಕಿಲ್ಲ.

ಇವೆರಡಕ್ಕೂ ಸೇರದ್ದು ಒಂದಿದೆ, ಅದರ ಮೇಲೆ ಯಾರೂ ಬೆಲೆ ಬರೆದಿರುವುದಿಲ್ಲ. ಸಂಜೆ ಆರಕ್ಕೆ ಜನ ಎಲ್ಲಿ ಕೂರುತ್ತಾರೆ? ಗಾಡಿ ಬರದ ಜಾಗದಲ್ಲಿ ಮಗು ಓಡಬಹುದೇ? ಮೂರು ವರ್ಷ ಒಬ್ಬಳೇ ಕೂತವಳಿಗೆ ಇದು ಶೋಕಿಯಲ್ಲ ಎಂದು ಆತನಿಗೆ ಖಡಾಖಂಡಿತವಾಗಿ ಹೇಳಿದೆ. ಆದರೆ ಅದಕ್ಕೆ 11,000 ಕೊಡಬೇಕೋ, ಕಡಿಮೆಗೆ ಬೇರೆಲ್ಲಾದರೂ ಸಿಗುತ್ತದೋ ನೋಡಿಕೊಂಡು ಬನ್ನಿ ಎಂದು ಆಕೆಗೂ ಹೇಳಿದೆ.

ಮನೆಗೆಲಸ ಹೀಗಿತ್ತು. ಬ್ರೋಕರ್ ಇಲ್ಲದೆ ಹೋಗಬೇಕು, ವಾರದ ದಿನವೇ, ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ. ಬಚ್ಚಲಿನ ಬಕೆಟ್ ನೋಡಿ. ಒಳಗೆ ಬಿಳಿ ಉಪ್ಪು ಕಟ್ಟಿದ್ದರೆ ಬೋರ್‌ವೆಲ್ ನೀರು ಗಡುಸು ಎಂದರ್ಥ, ಗೀಸರಿನ ಆಯುಸ್ಸೂ ಅಷ್ಟೇ. ಟ್ಯಾಂಕರ್ ಎಷ್ಟು ಬರುತ್ತದೆ ಎಂದು ಸೆಕ್ಯೂರಿಟಿಯವರನ್ನು ಕೇಳಿ, ಅಸೋಸಿಯೇಷನ್ನಿನವರನ್ನಲ್ಲ. ನೀರಿನ ಬಿಲ್ ಮೇಂಟೆನೆನ್ಸಿನೊಳಗೋ, ಪ್ರತ್ಯೇಕ ಮೀಟರೋ? ಜನರೇಟರ್ ಲಿಫ್ಟಿಗೆ ಮಾತ್ರವೋ, ಮನೆಯೊಳಗೂ ಬರುತ್ತದೋ? ಮನೆಗೆ ಪ್ರತ್ಯೇಕ ಬೆಸ್ಕಾಂ ಮೀಟರ್ ಇದ್ದರೆ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ, ಜನರೇಟರ್ ಯೂನಿಟ್ಟಿಗೆ ಸಿಗದು. ಕ್ಲಬ್ ಹೌಸಿಗೆ ಬಾಡಿಗೆದಾರರಿಂದ ಬೇರೆ ಶುಲ್ಕ ಕೇಳುವ ಕಡೆಗಳೂ ಇವೆ. ಸಾಮಾನು ಸಾಗಿಸಿದ್ದಕ್ಕೆ ಶಿಫ್ಟಿಂಗ್ ಚಾರ್ಜ್ ವಸೂಲಿ ಮಾಡುವುದಂತೂ ಮಾಮೂಲು. ಕಟ್ಟಡಕ್ಕೆ ಬಣ್ಣ ಹೊಡೆಸಲು ಅಸೋಸಿಯೇಷನ್ ಒಂದೇ ಸಲಕ್ಕೆ ದುಡ್ಡು ಎತ್ತಿದರೆ ಅದು ಓನರ್ ಹೊಣೆ ಎಂದು ಅಗ್ರಿಮೆಂಟಿನಲ್ಲಿ ಬರೆಸಿ. ಹೊರಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಎಂಬುದನ್ನೂ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ, ನಮ್ಮ ಓನರ್‌ಗಳ ಮುಂದೆ ಅದನ್ನು ಓದಿದರೆ ಚಹಾ ಕೊಟ್ಟು ಕಳಿಸುತ್ತಾರೆ. ಆದರೂ ಕೇಳಿ, ಆರು ಐದಕ್ಕೋ ನಾಲ್ಕಕ್ಕೋ ಇಳಿದೀತು.

ಹತ್ತು ದಿನ ಬಿಟ್ಟು ಬಂದಾಗ ಇಬ್ಬರೂ ಒಂದೇ ಸಲಕ್ಕೆ ಮಾತಾಡತೊಡಗಿದರು. ದೊಡ್ಡ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಯಾದಗಿರಿ ಕಡೆಯ ಹಿರಿಯರು. ಈತನ ಮಾತಿನ ಧಾಟಿ ಕೇಳಿದ್ದೇ ತಡ, ಎಲ್ಲ ಹೇಳಿದ್ದಾರೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರಿನ ಮೇಲೇ ನಡೆಯಿತು. ಆ ಮಾರ್ಚಿನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತಲ್ಲ, ಆಗಿನಿಂದ ಮಳೆ ಬರುವ ತನಕ ಪೂಲ್ ಖಾಲಿ. ಹುಡುಗರು ಒಳಗಿಳಿದು ಕ್ರಿಕೆಟ್ ಆಡುತ್ತಿದ್ದರು. ಮೇಂಟೆನೆನ್ಸ್ ಒಂದು ರೂಪಾಯಿಯೂ ಇಳಿಯಲಿಲ್ಲ.

ಆಗ ಆಕೆ ಕೇಳಿದ್ದಾಳೆ: "ನೀರಿಲ್ದಿದ್ದಾಗ ಆ ಹೆಂಗಸ್ರು ಎಲ್ಲಿ ಕೂರ್ತಿದ್ರು?"

"ಅಲ್ಲೇ ಕೂಡ್ತಿದ್ರಲ್ರಿ ಅಕ್ಕಾರೆ. ಅವರೇನು ನೀರು ನೋಡಾಕ ಬರ್ತಾರೇನು?"

ಇದನ್ನು ನನಗೆ ಹೇಳುವಾಗ ಆಕೆ ನಕ್ಕಳು. ಆತನೂ. ನಾನು ಮೂರು ಭೇಟಿಯಲ್ಲಿ ತಿಣುಕಿದ್ದನ್ನು ಆ ಹಿರಿಯರು ಗೇಟಿನಲ್ಲಿ ನಿಂತೇ ಮುಗಿಸಿದ್ದರು.

ಹೊಸ ತಿಪ್ಪಸಂದ್ರದ ಕಟ್ಟಡದಲ್ಲಿ ಸಂಜೆ ಅರ್ಧ ಗಂಟೆ ನಿಂತರೂ ಕಂಡದ್ದು ಒಬ್ಬ ಡೆಲಿವರಿ ಹುಡುಗ. ಜನರೇಟರ್ ಇರಲಿಲ್ಲ. ಅದನ್ನು ಕೈಬಿಡೋಣ ಎಂದದ್ದು ಆತನೇ. ಆಮೇಲೆ ಇಬ್ಬರೂ ಬ್ರೋಕರ್‌ಗಳಿಗೆ ಬೇರೆ ಥರದ ಪ್ರಶ್ನೆ ಕೇಳತೊಡಗಿದರು. "ಸಂಜೆ ಜನ ಎಲ್ಲಿ ಕೂರ್ತಾರೆ?" ಅಂದಾಗ ಒಬ್ಬ ಬ್ರೋಕರ್ ಇವರು ಮನೆ ನೋಡಲು ಬಂದವರೋ ಸರ್ವೆಯವರೋ ಎಂದು ಅನುಮಾನಪಟ್ಟನಂತೆ.

ಕೊನೆಗೆ ಹಿಡಿದದ್ದು ಅರವತ್ತು ಮನೆಗಳ ಅಪಾರ್ಟ್‌ಮೆಂಟ್. ಪೂಲ್ ಇಲ್ಲ, ಕ್ಲಬ್ ಹೌಸ್ ಇಲ್ಲ. ಹೊಂಗೆ ಮರದ ಸುತ್ತ ಸಿಮೆಂಟಿನ ಕಟ್ಟೆ, ಪಕ್ಕದಲ್ಲಿ ಒಂದು ಜಾರುಬಂಡೆ. ಕಾವೇರಿಯೂ ಬೋರ್‌ವೆಲ್ಲೂ ಎರಡೂ ಇವೆ, ಲಿಫ್ಟಿಗೆ ಜನರೇಟರ್ ಇದೆ. 33,500 ಮತ್ತು 3,000. ಈಜುಕೊಳದ ಮನೆಗಿಂತ ತಿಂಗಳಿಗೆ 7,000 ಕಡಿಮೆ, ಆತನ ಮೊದಲ ಆಯ್ಕೆಗಿಂತ 4,000 ಹೆಚ್ಚು. ಆ 4,000ದ ಎದುರು ಹಾಳೆಯಲ್ಲಿ "ಕಟ್ಟೆ" ಎಂದು ಬರೆದಿದ್ದಾನೆ. ಮಗುವಿಗೆ ಬೇಸಿಗೆಯಲ್ಲಿ ಈಜು ಕಲಿಸಲು ಹೊರಗೆ ಸೇರಿಸುವುದೆಂದೂ ಮಾತಾಗಿದೆ. ಆಕೆ ತಾನೂ ಕಲಿಯುವೆ ಅಂದಿದ್ದಾಳೆ, ನೋಡೋಣ.

ಮೂರು ತಿಂಗಳ ಮೇಲೆ ಆಕೆ ಫೋನ್ ಮಾಡಿದ್ದಳು. ಅತ್ತೆಯ ಆಪರೇಷನ್ ಆಗಿದೆ, ವಾಕರ್ ಹಿಡಿದು ಕೆಳಗೆ ಬರುತ್ತಾರೆ.

"ಜನರೇಟರ್‌ನಲ್ಲಿ ಮಿಕ್ಸಿ ಹಾಕಿದ್ರೆ ಟ್ರಿಪ್ ಆಗತ್ತೆ ಮೇಡಂ, ನೀವು ಹೇಳಿದ ಪ್ರಶ್ನೇಲಿ ಅದೊಂದು ಬಿಟ್ಟೋಗಿತ್ತು," ಎಂದಳು. ಆಮೇಲೆ ದನಿ ತಗ್ಗಿಸಿ, "ಅತ್ತೆಗೆ ಹದಿನೈದು ದಿನದಲ್ಲಿ ಇಡೀ ಕಟ್ಟೆಯೋರು ಪರಿಚಯ ಆಗೋದ್ರು. ನಂಗೆ ಇನ್ನೂ ಇಬ್ಬರೇ."